ತೋಳದಕ್ಕ ಮತ್ತು ನೀರುನಾಯಿ ಪುಸ್ತಕ

ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಬಾಯ್ಲರ್ ಕೋಣೆಗೆ ಅಂಟಿಕೊಂಡ ಉದ್ದನೆಯ ಹಾಲ್‌ನಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಯಂತ್ರಗಳು ಒಗೆದು ಒಣಗಿಸಿ ಉಗುಳಿದ ಬೆಡ್‌ಶೀಟು, ದಿಂಬಿನ ಕವರು, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲವೂ ಬೆಟ್ಟದಂತೆ ಬಂದು ಬೀಳುತ್ತಿದ್ದದ್ದು ಅಲ್ಲಿನ ಮಡಿಸುವ ಮೇಜಿನ ಮೇಲೆ. ಮೇಜಿನ ಸುತ್ತ ಹೆಂಗಸರು. ಕೈಗೆ ತುಂಬಾ ಕೆಲಸ, ಬಾಯಿಗೆ ತುಂಬಾ ಬಿಡುವು. ಆ ಬಿಡುವನ್ನು ವರ್ಷಗಟ್ಟಲೆ ಆಳಿದವಳು ತೋಳದಕ್ಕ.

ಹೆಸರು ಬಂದದ್ದು ಅವಳು ಓದುವ ಕಾದಂಬರಿಗಳಿಂದ. ಹಗಲು ಮನುಷ್ಯ, ಹುಣ್ಣಿಮೆ ಬಂದರೆ ತೋಳ; ಎದುರು ಬಂದವರನ್ನೆಲ್ಲ ಸೀಳಿ ಹಾಕುವವನು ಒಬ್ಬಳ ಮುಂದೆ ಮಾತ್ರ ನಾಯಿಮರಿಯಂತೆ ತಲೆ ತಗ್ಗಿಸುತ್ತಾನೆ. ಇಂಥ ಪ್ರೇಮಕತೆಗಳೆಂದರೆ ಅವಳಿಗೆ ಪ್ರಾಣ. ಬರೀ ಓದಿ ಸುಮ್ಮನಿರುವವಳಲ್ಲ. ಯಾರಿಗೆ ಯಾವ ಪುಸ್ತಕ ಒಗ್ಗುತ್ತದೆ ಎಂದು ಅವಳಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಗಂಡನ ಜೊತೆ ಮಾತು ಬಿಟ್ಟವಳಿಗೆ ಒಂದು, ಮದುವೆಯೇ ಬೇಡ ಎನ್ನುವವಳಿಗೆ ಇನ್ನೊಂದು. “ಇದರಲ್ಲಿ ತೋಳ ಸ್ವಲ್ಪ ಮುಂಗೋಪಿ. ಆದ್ರೆ ಅಡುಗೆ ಮಾಡ್ತಾನೆ, ತಗೊಂಡು ಹೋಗು,” ಎಂದು ಕೊಟ್ಟರೆ ಮುಗಿಯಿತು, ಒಯ್ದವಳು ಮರುದಿನ ಕಣ್ಣು ಊದಿಸಿಕೊಂಡು ಬರುತ್ತಿದ್ದಳು. ಅವಳ ಗಂಡ ಶಾಲಾ ವ್ಯಾನ್ ಓಡಿಸುವವನು. “ನಮ್ಮ ಮನೇಲಿ ನನಗಿಂತ ಹೆಚ್ಚು ಗಂಡಸರು ಕಪಾಟಿನಲ್ಲಿದಾರೆ,” ಎಂದು ತಮಾಷೆ ಮಾಡುತ್ತಿದ್ದ.

ಇಷ್ಟೆಲ್ಲ ನೆಟ್ಟಗಿದ್ದ ಕಾಲದಲ್ಲಿ ಮೈದುನನಿಗೆ ಮದುವೆಯಾಗಿ ವಾರಗಿತ್ತಿ ಬಂದಳು. ತೋಳದಕ್ಕನ ಮನೆಯಿದ್ದ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಸಂಸಾರ ಹೂಡಿದಳು. ಸಣ್ಣ ಧ್ವನಿ, ದೊಡ್ಡ ಕಣ್ಣು. ಮನೆಯಲ್ಲಿ ಒಬ್ಬಳೇ ಕೂತು ಬೇಜಾರು ಎಂದಾಗ, ಮೇಲ್ವಿಚಾರಕಿಗೆ ಹೇಳಿ ಮಡಿಸುವ ಮೇಜಿಗೆ ಸೇರಿಸಿದವಳು ತೋಳದಕ್ಕನೇ. ಮೊದಲ ತೋಳದ ಪುಸ್ತಕ ಕೈಗಿಟ್ಟವಳೂ ಅವಳೇ. ಬೆಡ್‌ಶೀಟಿನ ಎರಡು ತುದಿ ತಾನು ಹಿಡಿದು, ಇನ್ನೆರಡು ವಾರಗಿತ್ತಿಯ ಕೈಗೆ ಕೊಟ್ಟು, ಒಬ್ಬರ ಕಡೆಗೊಬ್ಬರು ನಡೆದು ಮಡಿಸುವುದನ್ನು ಕಲಿಸಿದಳು. ಹಾಗೆ ನಡೆದು ಬಂದಾಗಲೆಲ್ಲ ಕಿರಿಯವಳು ಕೇಳುತ್ತಿದ್ದಳು: “ಆಮೇಲೆ ಏನಾಯ್ತಕ್ಕ?” ಕೇಳಿಸಿಕೊಳ್ಳಲು ಎಷ್ಟು ಹಿತವಾಗಿತ್ತು ಆ ಪ್ರಶ್ನೆ.

ಗುರುವಿಗೇ ತಿರುಮಂತ್ರ ಎನ್ನುವುದು ಸುಳ್ಳಲ್ಲ. ಒಂದು ವರ್ಷ ತುಂಬುವ ಮೊದಲೇ ಕಿರಿಯವಳು ಕಪಾಟಿನ ತೋಳಗಳನ್ನೆಲ್ಲ ಮುಗಿಸಿ, ಬಸ್ ನಿಲ್ದಾಣದ ಹಳೇ ಪುಸ್ತಕದಂಗಡಿಗೆ ತಾನೇ ಹೋಗತೊಡಗಿದಳು. ಕರಡಿಯಾಗುವವರು, ಚಿರತೆಯಾಗುವವರು, ಗೂಬೆಯಾಗುವವರು. ಒಂದು ದಿನ ಮೇಜಿನ ಹತ್ತಿರ ಒಂದು ತೆಳ್ಳನೆಯ ಪುಸ್ತಕ ತಂದಿಟ್ಟಳು. ನಾಯಕ ದೋಣಿ ನಡೆಸುವವನು, ಮಂಜು ಕವಿದ ಬೆಳಗಿನಲ್ಲಿ ನೀರುನಾಯಿಯಾಗುತ್ತಾನೆ. ನಾಯಕಿ ಅದೇ ಹೊಳೆಗೆ ಸೇತುವೆ ಕಟ್ಟಲು ಅಳತೆ ಮಾಡಲು ಬಂದವಳು.

ತೋಳದಕ್ಕ ನಕ್ಕಳು. “ನೀರುನಾಯಿ ಆಗೋನನ್ನ ಯಾವಳು ಕಟ್ಕೋತಾಳೆ? ಮೈಯೆಲ್ಲ ಮೀನಿನ ವಾಸನೆ.”

ಎಲ್ಲರೂ ನಕ್ಕರು. ಆದರೆ ಕಿರಿಯವಳು ಕತೆ ಹೇಳಲು ಶುರು ಮಾಡಿದಳು. ತೋಳದಕ್ಕ ಕತೆ ಹೇಳಿದರೆ ಜಾತ್ರೆಯ ಡಂಗುರ. ಇವಳದು ಕಿವಿಯ ಹತ್ತಿರ ಬಂದು ಹೇಳುವ ಗುಟ್ಟು. ಕೇಳಲು ಹೆಂಗಸರು ಮುಂದೆ ಬಾಗಬೇಕಾಯಿತು. ಬಾಗಿದವರು ಬಾಗಿಯೇ ಉಳಿದರು. ಆ ವಾರ ಇಬ್ಬರು ಪುಸ್ತಕ ಕೇಳಿದರು, ಮುಂದಿನ ವಾರ ಇಸ್ತ್ರಿ ಯಂತ್ರದವಳೂ ಕೇಳಿದಳು. “ನಿನ್ನ ತೋಳಗಳು ಬರೀ ಗುರ್ ಅಂತವೆ ಕಣಕ್ಕ. ಇವನು ಮಾತಾಡ್ತಾನೆ,” ಎಂದಳು ಅವಳು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ.

ತೋಳದಕ್ಕನ ಹೊಟ್ಟೆಯಲ್ಲಿ ಕೆಂಡ ಬಿದ್ದದ್ದು ಆವಾಗ. ಹೊರಗೆ ತೋರಿಸಿಕೊಳ್ಳಲಿಲ್ಲ. ಬೆನ್ನು ನೋವು ಎಂಬ ನೆಪ ಹೇಳಿ, ಬೆಡ್‌ಶೀಟ್ ಬಿಟ್ಟು ಒಬ್ಬಳೇ ಕೂತು ದಿಂಬಿನ ಕವರು ಮಡಿಸಲು ಹೋದಳು. ಅಲ್ಲಿಂದಲೂ ಕಿವಿ ಮಾತ್ರ ಮೇಜಿನ ಆ ತುದಿಯಲ್ಲೇ. ಅಲ್ಲಿ ನಗು ಕೇಳಿದರೆ ತನ್ನನ್ನೇ ನೋಡಿ ನಕ್ಕರು ಎನಿಸುತ್ತಿತ್ತು; ಮೌನವಾದರೆ ಇನ್ನೂ ಕಷ್ಟ, ಕತೆ ಅಷ್ಟು ಚೆನ್ನಾಗಿದೆ ಎಂದೇ ಅರ್ಥ. ಮನೆಯಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೂ ಸಿಡುಕುತ್ತಿದ್ದಳು. ಗಂಡ ಕೇಳಿದ: “ಅವಳು ನಿನಗೇನು ಮಾಡಿದ್ಲು?” ಏನೂ ಮಾಡಿರಲಿಲ್ಲ. ಅದೇ ತಾನೆ ಸಂಕಟ.

ಮೇಲ್ವಿಚಾರಕಿ ಪುಸ್ತಕ ಕೇಳಿದ ದಿನ ಮಾತ್ರ ತೋಳದಕ್ಕನಿಗೆ ತಡೆಯಲಾಗಲಿಲ್ಲ. ಗಂಟು ಮುಖದ, ಲೆಕ್ಕದ ಮಾತಿನ ಹೆಂಗಸು. ಒಂದು ಟವೆಲ್ ಕಡಿಮೆಯಾದರೂ ಇಡೀ ವಿಭಾಗವನ್ನು ತಲೆಕೆಳಗು ಮಾಡುವವಳು. ಅವಳಿಗೆ ಒಂದು ಪುಸ್ತಕ ಹಿಡಿಸಬೇಕೆಂದು ತೋಳದಕ್ಕ ಎಷ್ಟು ವರ್ಷ ಪ್ರಯತ್ನಪಟ್ಟಿದ್ದಳು. ಪ್ರತಿಸಲವೂ “ನಂಗೆ ಟೈಮಿಲ್ಲ” ಎಂಬ ಒಂದೇ ಉತ್ತರ. ಅಂಥವಳು ಈಗ ಮೇಜಿನ ಹತ್ತಿರ ನಿಂತು, ಕನ್ನಡಕ ಸರಿಮಾಡಿಕೊಂಡು, “ಅದೇನೋ ನೀರುನಾಯಿ ಅಂತಿದ್ದೀರಲ್ಲ, ನೋಡೋಣ ಕೊಡು,” ಎಂದು ಕೈಚಾಚಿದಳು. ಚಾಚಿದ್ದು ಕಿರಿಯವಳ ಕಡೆಗೆ.

ಹಿಂದಿನ ದಿನವಷ್ಟೇ, ಕಿರಿಯವಳ ಚೀಲದಿಂದ ಇಣುಕುತ್ತಿದ್ದ ಆ ಪುಸ್ತಕದ ಕೊನೆಯ ಪುಟವನ್ನು ತೋಳದಕ್ಕ ಕದ್ದು ಓದಿದ್ದಳು. ಅವನು ನೀರಿಗಿಳಿಯುತ್ತಾನೆ, ಹಿಂದಿರುಗಿ ನೋಡುವುದಿಲ್ಲ, ದಡದಲ್ಲಿ ಅವನ ಅಂಗಿ ಮಾತ್ರ ಉಳಿಯುತ್ತದೆ. ಅಷ್ಟು ಸಾಕಿತ್ತು. ದಿಂಬಿನ ಕವರು ಮಡಿಸುತ್ತಲೇ, ಏನೂ ಅರಿಯದವಳಂತೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಓದಿ ಮೇಡಂ, ಚೆನ್ನಾಗಿದೆ. ಕೊನೇಲಿ ಅವಳನ್ನ ಬಿಟ್ಟು ಹೊರಟೇಹೋಗ್ತಾನಲ್ಲ, ಅದೊಂದು ಓದೋಕಾಗಲ್ಲ ಅಷ್ಟೆ.”

ಮೇಜಿನ ಸುತ್ತ ಎಲ್ಲರ ಕೈ ನಿಂತಿತು. ಕತೆಯ ಕೊನೆ ಹೇಳುವುದೆಂದರೆ ಆ ಮೇಜಿನಲ್ಲಿ ಮಹಾಪರಾಧ. ಆ ನಿಯಮ ಮಾಡಿದವಳೇ ತೋಳದಕ್ಕ.

ಮೇಲ್ವಿಚಾರಕಿ ಪುಸ್ತಕ ವಾಪಸು ಇಡುತ್ತಾಳೆಂದು ಇವಳು ಕಾದಳು. ಆಕೆ ಇಡಲಿಲ್ಲ. “ಬಿಟ್ಟು ಹೋಗೋದು ಗಂಡಸರು ಯಾವಾಗ್ಲೂ ಮಾಡೋದೇ. ಇವನು ಯಾಕೆ ಹೋದ ಅಂತ ನೋಡ್ತೀನಿ,” ಎಂದು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದಳು. ಎಸೆದ ಕಲ್ಲು ಮಾವಿನಕಾಯಿಯನ್ನೇ ಉದುರಿಸಿ ಪಕ್ಕದ ಮನೆಯವರ ಮಡಿಲಿಗೆ ಹಾಕಿದಂತಾಯಿತು.

ಕಿರಿಯವಳು ಮಾತ್ರ ತೋಳದಕ್ಕನನ್ನೇ ನೋಡುತ್ತಿದ್ದಳು. ಕೋಪದ ನೋಟವಲ್ಲ. “ಅಕ್ಕ, ನೀವು ಅದನ್ನ ಓದಿದ್ರಾ? ನಂಗೆ ಹೇಳ್ಲೇ ಇಲ್ಲ. ನಿಮಗೆ ಯಾವ ಭಾಗ ಇಷ್ಟ ಆಯ್ತು?”

“ಎಲ್ಲಾನೂ,” ಎಂದು ತೋಳದಕ್ಕ ಎದ್ದು ನೀರು ಕುಡಿಯಲು ಹೋದಳು.

ಈಗ ಓದದೆ ಗತಿಯಿರಲಿಲ್ಲ. ನಾಳೆ ನಾಡಿದ್ದು ಕಿರಿಯವಳು ಮತ್ತೆ ಕೇಳಿದರೆ? ಕೆಲಸ ಬಿಟ್ಟವಳೇ ನೇರ ಬಸ್ ನಿಲ್ದಾಣದ ಅಂಗಡಿಗೆ ಹೋದಳು. ಅಂಗಡಿಯವನು ತಲೆ ಕೆರೆದುಕೊಂಡ. “ಅಯ್ಯೋ, ನಿಮ್ಮ ಆಸ್ಪತ್ರೆಯವ್ರೇ ಬಂದು ಬಂದು ಒಯ್ದ್ರಲ್ಲ. ಆ ಸಣ್ಣ ಧ್ವನಿ ಹುಡುಗಿ ಕಳಿಸಿದ್ಲು ಅಂತಾರೆ. ಒಳ್ಳೇ ಗಿರಾಕಿ ಬಿಡಿ.” ಗಾಯದ ಮೇಲೆ ಉಪ್ಪು. ಹಿಂದೆ ಅವನು ಇದೇ ಮಾತನ್ನು ತೋಳದಕ್ಕನಿಗೆ ಹೇಳುತ್ತಿದ್ದ. ಕೊನೆಗೆ ರಾಶಿಯ ಅಡಿಯಿಂದ ಮುಖಪುಟ ಹರಿದ ಒಂದು ಪ್ರತಿ ಹುಡುಕಿ ಕೊಟ್ಟ.

ತಪ್ಪು ಹುಡುಕಲೆಂದೇ ಬಸ್ಸಿನಲ್ಲಿ ಪುಸ್ತಕ ಬಿಚ್ಚಿದಳು. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು. ಮೊದಲ ಪುಟಗಳಲ್ಲಿ ಕಲ್ಲು ಸಿಕ್ಕಿತು ಕೂಡ: ಹೊಳೆಯ ವರ್ಣನೆ ಜಾಸ್ತಿಯಾಯಿತು, ನಾಯಕ ಸಣಕಲ. ಆಮೇಲೆ, ಸೇತುವೆಯ ಅಳತೆ ಮಾಡುತ್ತಿದ್ದವಳ ಟೇಪು ನೀರಿಗೆ ಬಿದ್ದು, ಮರುದಿನ ಬೆಳಗ್ಗೆ ಅದು ಅಚ್ಚುಕಟ್ಟಾಗಿ ಸುತ್ತಿ ಅವಳ ಬಾಗಿಲ ಮುಂದೆ ಇರುವ ಜಾಗ ಬಂತು. ಇನ್ನೊಮ್ಮೆ ತಲೆ ಎತ್ತುವಾಗ ಬಸ್ಸು ಅವಳ ನಿಲ್ದಾಣ ದಾಟಿ ಬಹಳ ದೂರ ಬಂದಿತ್ತು. ಇಳಿದು, ನಡೆಯುತ್ತ, ಅಂಗಡಿಗಳ ಬೆಳಕಿನಲ್ಲಿ ನಿಂತು ನಿಂತು ಓದಿದಳು.

ಮರುದಿನ ಊಟದ ಬಿಡುವಿನಲ್ಲಿ ಬಟ್ಟೆ ಕೋಣೆಯ ಮೂಟೆಗಳ ಮೇಲೆ ಕೂತು ಮುಗಿಸಿದಳು. ಅವನು ಅವಳನ್ನು ಬಿಟ್ಟುಹೋಗುವುದೇ ಇಲ್ಲ. ಕೊನೆಯ ಪುಟಕ್ಕಿಂತ ಹಿಂದಿನ ಅಧ್ಯಾಯದಲ್ಲೇ ಅವಳೂ ನೀರುನಾಯಿಯಾಗಿ ಹೊಳೆಗಿಳಿದು ಅವನಿಗಾಗಿ ಕಾಯುತ್ತಿರುತ್ತಾಳೆ. ದಡದ ಮೇಲೆ ಅಂಗಿ ಬಿಟ್ಟು ಅವನು ಹೋಗುವುದು ಅವಳ ಹತ್ತಿರಕ್ಕೇ. ಹಿಂದಿರುಗಿ ನೋಡದಿರುವುದು ನೋಡಬೇಕಾದವಳು ಮುಂದಿರುವುದರಿಂದ. ಕಣ್ಣು ಒರೆಸಿಕೊಂಡಳು. ಪುಸ್ತಕ ಕೆಟ್ಟದಾಗಿದ್ದರೆ ಎಷ್ಟು ಚೆನ್ನಾಗಿತ್ತು. ಇಷ್ಟು ಚೆನ್ನಾಗಿದ್ದನ್ನು ತಾನು ಹುಡುಕಲಿಲ್ಲವಲ್ಲ, ಅವಳು ಹುಡುಕಿದಳಲ್ಲ ಎಂದು ಮತ್ತಷ್ಟು ಉರಿಯಿತು.

ಎದ್ದು ಬರುವಷ್ಟರಲ್ಲಿ ಮೇಲ್ವಿಚಾರಕಿ ಮೇಜಿನ ಹತ್ತಿರ ಬಂದಿದ್ದಳು. ಅವಳದೂ ಮುಗಿದಿತ್ತು. ಎಲ್ಲರ ಎದುರಿಗೇ ಕೇಳಿದಳು: “ಏನಮ್ಮ, ಬಿಟ್ಟು ಹೋಗ್ತಾನೆ ಅಂದ್ಯಲ್ಲ? ಎಲ್ಲಿ ಬಿಟ್ಟುಹೋದ? ಓದಿದ್ಯೋ ಇಲ್ವೋ?”

ಇಷ್ಟು ವರ್ಷ ತೋಳದಕ್ಕನ ಮಾತು ನಂಬಿ ಪುಸ್ತಕ ಒಯ್ದವರೆಲ್ಲ ಸುತ್ತ ನಿಂತಿದ್ದಾರೆ. ಮೊದಲೇ ಓದಿದ್ದವರು ನಿನ್ನೆ ತಿದ್ದಿರಲಿಲ್ಲ, ತಿದ್ದಿದ್ದರೆ ನಿಜವಾದ ಕೊನೆ ಹೇಳಿದಂತಾಗುತ್ತಿತ್ತು. ಓದದೆ ಹೇಳಿದಳು ಎಂದಾದರೆ ನಾಳೆಯಿಂದ ಯಾರು ನಂಬುತ್ತಾರೆ?

“ಓದಿದಾರೆ ಮೇಡಂ,” ಎಂದಳು ಕಿರಿಯವಳು ಆ ತುದಿಯಿಂದ. “ಬೇಕಂತಲೇ ಹಾಗಂದ್ರು. ನಿಜ ಹೇಳಿದ್ರೆ ಕೊನೆ ಕೆಡ್ತಿತ್ತು. ಸುಳ್ಳು ಹೇಳಿದ್ದಕ್ಕೇ ತಾನೆ ನೀವು ಒಂದೇ ದಿನದಲ್ಲಿ ಮುಗಿಸಿದ್ದು?”

ಮೇಲ್ವಿಚಾರಕಿ ಯಾರೂ ಕಂಡಿರದ ಒಂದು ನಗು ನಕ್ಕಳು. “ಪಾಕಡಾ ಇದೀಯ ಬಿಡು,” ಎಂದು ತೋಳದಕ್ಕನ ಬೆನ್ನು ತಟ್ಟಿ ಹೋದಳು. ಹೆಂಗಸರೆಲ್ಲ ತೋಳದಕ್ಕನ ಜಾಣತನವನ್ನು ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆಯಷ್ಟು ಕಹಿಯಾದದ್ದನ್ನು ಅವಳು ಜನ್ಮದಲ್ಲಿ ನುಂಗಿರಲಿಲ್ಲ. ಪುಸ್ತಕದಲ್ಲಿ ಕಿರಿಯವಳು ಮುಂದೆ ಹೋದಳು ಸರಿ; ದೊಡ್ಡತನದಲ್ಲೂ ಇವಳೇ ಮುಂದೆ ಹೋಗಬೇಕೇ?

ಸಂಜೆ ಮನೆಯ ಮೆಟ್ಟಿಲ ಮೇಲೆ ಅಡ್ಡ ನಿಂತು ಕಿರಿಯವಳನ್ನು ಹಿಡಿದಳು. “ನಾನು ಓದಿರ್ಲಿಲ್ಲ ಅಂತ ನಿಂಗೆ ಗೊತ್ತಿತ್ತಾ?”

“ಹ್ಞೂಂ. ನಿನ್ನೇನೇ ಗೊತ್ತಾಯ್ತು.”

“ಮತ್ತೆ ಯಾಕೆ ಸುಮ್ಮನಿದ್ದೆ? ಯಾವ ಭಾಗ ಇಷ್ಟ ಅಂತ ಬೇರೆ ಕೇಳ್ತೀಯ.”

“ಹಾಗಾದ್ರೂ ನೀವು ಓದ್ತೀರ ಅಂತ.” ಕಿರಿಯವಳು ಚೀಲವನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡಳು. “ಎಲ್ರೂ ಅದನ್ನ ಓದಿ ಚೆನ್ನಾಗಿದೆ ಅಂತಾರಕ್ಕ. ಅಷ್ಟೇ, ಚೆನ್ನಾಗಿದೆ. ಆ ಟೇಪಿನ ವಿಷಯ ಮಾತಾಡೋಕೆ ಒಬ್ರೂ ಇರ್ಲಿಲ್ಲ.”

ತೋಳದಕ್ಕನಿಗೆ ಬೈಯಬೇಕೆಂದಿತ್ತು. ಬಾಯಿಂದ ಬಂದದ್ದು ಬೇರೆ. “ಟೇಪು ಸುತ್ತಿಟ್ಟವನು ಅವನೇ ಅಂತ ಅವಳಿಗೆ ಆಗ್ಲೇ ಗೊತ್ತಿತ್ತು ಕಣೆ. ಸುಮ್ಮನೆ ನಾಟಕ ಮಾಡಿದ್ಲು.”

“ಇಲ್ಲಕ್ಕ, ಎಲ್ಲಿ ಗೊತ್ತಿತ್ತು?”

“ಬಾಗಿಲು ತೆಗೆದವಳು ಯಾಕೆ ಹೊಳೆ ಕಡೆ ನೋಡಿದ್ಲು ಮತ್ತೆ?”

ಮೈದುನ ಕೆಳಗಿನಿಂದ ಬಂದು, ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಿತ್ತಾಡುವುದನ್ನು ಕಂಡು, ಜಗಳ ಬಿಡಿಸಲು ಅಣ್ಣನನ್ನೇ ಕರೆತಂದ. ಅಣ್ಣ ಒಂದು ಗಳಿಗೆ ಕೇಳಿ, “ಯಾರೋ ನೀರುನಾಯಿ ವಿಷಯ. ನಾವು ಊಟ ಮಾಡೋಣ ಬಾ,” ಎಂದು ತಮ್ಮನನ್ನು ಒಳಗೆ ಕರೆದುಕೊಂಡು ಹೋದ.

ಅಲ್ಲಿಂದ ಇಬ್ಬರೂ ಮತ್ತೆ ಒಂದೇ ಬೆಡ್‌ಶೀಟಿನ ನಾಲ್ಕು ತುದಿ ಹಿಡಿದರು. ಹೊಟ್ಟೆಕಿಚ್ಚು ಹೋಯಿತೆಂದಲ್ಲ. ಕಿರಿಯವಳು ಹೇಳಿದ ಪುಸ್ತಕಕ್ಕೆ ಮೇಜಿನವರು ತಲೆದೂಗಿದರೆ ತೋಳದಕ್ಕ ಮರುದಿನವೇ ಅದಕ್ಕಿಂತ ಒಳ್ಳೆಯದೊಂದನ್ನು ಎಳೆದು ತರುತ್ತಿದ್ದಳು. ಎರಡು ವರ್ಷ ಹಾಗೇ ನಡೆಯಿತು. ಆಮೇಲೆ ಮೈದುನನಿಗೆ ಬೇರೆ ಊರಿನಲ್ಲಿ ಕೆಲಸವಾಗಿ ಸಂಸಾರ ಹೊರಟಿತು. ಇಡೀ ಮೇಜು ಮತ್ತೆ ತೋಳದಕ್ಕನದೇ ಆಯಿತು. ಅವಳು ಕೊಟ್ಟದ್ದನ್ನು ಎಲ್ಲರೂ ಒಯ್ದರು, ಓದಿದರು, ಚೆನ್ನಾಗಿದೆ ಎಂದರು. ಅಷ್ಟೇ, ಚೆನ್ನಾಗಿದೆ.

ಭಾನುವಾರಗಳಂದು ಕಿರಿಯವಳ ಫೋನ್ ಬರುತ್ತದೆ. ಅಲ್ಲಿ ಹೋಟೆಲೊಂದರ ಬಟ್ಟೆ ವಿಭಾಗದಲ್ಲಿ ಕೆಲಸ ಸಿಕ್ಕಿದೆಯಂತೆ. ಮೊನ್ನೆ ಹೇಳಿದಳು: “ಇಲ್ಲೊಬ್ರು ವಯಸ್ಸಾದ ಹೆಂಗಸು ಇದಾರಕ್ಕ, ನಮ್ಮಿಬ್ರಿಗಿಂತ ಜಾಸ್ತಿ ಓದಿದಾರೆ. ಕೊಕ್ಕರೆ ಆಗೋ ನಾಯಕನ ಕತೆ ಕೊಟ್ಟಿದಾರೆ.”

ತೋಳದಕ್ಕ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದಳು. ತಾನು ಕಲಿಸಿದ ಹುಡುಗಿ, ಈಗ ಯಾರೋ ಹೊರಗಿನವಳ ಎದುರು ನಿಂತು “ಆಮೇಲೆ ಏನಾಯ್ತು” ಎಂದು ಕೇಳುತ್ತಿರಬಹುದು.

“ಕೊಕ್ಕರೆನಾ?” ಎಂದಳು. “ಆ ಹೆಂಗಸಿಗೆ ರುಚಿ ಅನ್ನೋದೇ ಇಲ್ಲ ಬಿಡು. ಆದ್ರೂ ಓದಿ ಮುಗಿಸಿದ್ಮೇಲೆ ಮೊದ್ಲು ನಂಗೆ ಕಳ್ಸು. ಅವಳ ಹತ್ರ ಅದರ ಬಗ್ಗೆ ಜಾಸ್ತಿ ಮಾತಾಡ್ಬೇಡ.”