ಒಳಗೆ ಬಿಟ್ಟ ಬಟ್ಟೆ

ಕಳೆದ ವಾರ ಒಂದು ಹಳೆಯ ಹಸಿರು ಕುರ್ತಾದ ಪಕ್ಕದ ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ಬಟ್ಟೆ ಗಟ್ಟಿಯಾಗಿಯೇ ಇತ್ತು, ದಪ್ಪಗಾದವಳು ನಾನು. ಬ್ಲೇಡಿನ ತುದಿಯಿಂದ ಒಂದೊಂದೇ ನೂಲು ಕಿತ್ತು ಬಿಡಿಸಿದಾಗ ಒಳಗೆ ಮಡಿಸಿಟ್ಟ ಎರಡು ಬೆರಳಗಲದ ಬಟ್ಟೆ ಹೊರಬಂತು. ಹೊರಗಿನ ಬಟ್ಟೆಯೆಲ್ಲ ಬಿಸಿಲಿಗೆ, ಸೋಪಿಗೆ ಮಾಸಿ ಬೂದು ಹಸಿರಾಗಿತ್ತು. ಒಳಗಿನದು ಮಾತ್ರ ಅಂಗಡಿಯಿಂದ ತಂದ ದಿನದ ಗಿಣಿ ಹಸಿರು.

ಇಷ್ಟು ಬಟ್ಟೆ ಒಳಗೆ ಬಿಡುತ್ತಿದ್ದವಳು ಆಪಾ ಒಬ್ಬಳೇ.

ಗುಂಡ್ಲುಪೇಟೆಯಲ್ಲಿ ನಮ್ಮ ಮನೆಯ ಎದುರು ಮನೆ ಅವಳದು. ರಸ್ತೆ ಕಡೆಯ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಕನ್ನಡಿ, ಹಳೆಯ ಸೀರೆಯ ಪರದೆ. ಮನೆಯಲ್ಲಿ ಅವಳೂ ಅವಳ ತಾಯಿಯೂ ಇಬ್ಬರೇ. ನನಗಿಂತ ನಾಲ್ಕೋ ಐದೋ ವರ್ಷ ದೊಡ್ಡವಳು. ಅವರ ಮನೆಯಲ್ಲಿ ಅಕ್ಕನಿಗೆ ಆಪಾ ಎನ್ನುತ್ತಾರೆ, ಇಡೀ ಬೀದಿಗೂ ಅವಳು ಆಪಾ. ಎರಡು ಸಾವಿರದ ಆಚೀಚೆಯ ಆ ವರ್ಷಗಳಲ್ಲಿ ನಾನು ಎಂ.ಎ. ಓದಲು ದಿನವೂ ಮೈಸೂರಿನ ಬಸ್ಸು ಹಿಡಿಯುತ್ತಿದ್ದೆ. ಸಂಜೆ ಇಳಿದವಳು ಮನೆಗಿಂತ ಮೊದಲು ಅವಳ ಕೋಣೆಗೆ ಹೋಗಿ ಕೂರುತ್ತಿದ್ದೆ.

ಅವಳ ಕುರ್ತಾಗಳಿಗೆಲ್ಲ ಕತ್ತಿನವರೆಗೆ ಕಾಲರ್. ಬೇಸಿಗೆಯಲ್ಲೂ. ಒಮ್ಮೆ ಅಳತೆ ನೋಡಲು ತನ್ನದೇ ಒಂದು ರವಿಕೆ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಾಗ, ಕತ್ತಿನ ಬುಡದಲ್ಲೊಂದು, ಎದೆಯ ನಡುವೆ ಒಂದು, ಸಾಸಿವೆ ಗಾತ್ರದ ನೀಲಿ ಚುಕ್ಕೆಗಳು ಕಂಡವು. ಹಚ್ಚೆಯಾ ಎಂದು ಕೇಳಿದೆ.

"ನಮ್ಮಲ್ಲಿ ಹಚ್ಚೆ ಆಕ್ಸಾಕಿಲ್ಲ ಕಣಮ್ಮಿ. ಇದು ಕಟಿಂಗ್ ಮಾರ್ಕು," ಎಂದು ನಕ್ಕಳು.

ಆಮೇಲೆ ಹೇಳಿದಳು. ಹತ್ತು ವರ್ಷದವಳಿದ್ದಾಗ ಕತ್ತಿನಲ್ಲಿ ಗಂಟುಗಳಾದವು, ಎದೆಯೊಳಗೂ ಇದ್ದವು. ದುಗ್ಧಗ್ರಂಥಿಗಳ ಕ್ಯಾನ್ಸರ್. ತಿಂಗಳುಗಟ್ಟಲೆ ಬೆಂಗಳೂರಿನಲ್ಲಿದ್ದು ಔಷಧಿ ಹಾಕಿಸಿಕೊಂಡಳು, ಕೂದಲೆಲ್ಲ ಉದುರಿತು, ಕೊನೆಗೆ ಎದೆಗೂ ಕತ್ತಿಗೂ ಕರೆಂಟು ಕೊಟ್ಟರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಇವತ್ತಿಗೂ ಕರೆಂಟು ಎಂದೇ ಹೆಸರು. ದಿನವೂ ಅದು ಅದೇ ಜಾಗಕ್ಕೆ ಬೀಳಬೇಕೆಂದು ಅಳಿಸದ ಚುಕ್ಕೆ ಇಟ್ಟಿದ್ದರು. ಕಾಯಿಲೆ ವಾಸಿಯಾಯಿತು. ಬೀದಿಗೆ ಮಾತ್ರ ಅವಳ ತಾಯಿ "ಟಿ.ಬಿ. ಗಂಟು" ಎಂದೇ ಹೇಳಿದ್ದರು. ಕ್ಯಾನ್ಸರ್ ಬಂದಿದ್ದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ? ಬೆಂಗಳೂರಿನ ಕಾಗದಗಳನ್ನೆಲ್ಲ ಒಲೆಗೆ ಹಾಕಿದೆ ಎಂದೂ ಅವರು ಹೇಳುತ್ತಿದ್ದರು.

ನನ್ನ ಎಂ.ಎ. ದಿನಗಳಲ್ಲೇ ಅವಳಿಗೆ ನುಂಗುವುದು ಕಷ್ಟವಾಯಿತು. ಮೊದಲು ಚಪಾತಿ ಸಿಕ್ಕಿಕೊಳ್ಳತೊಡಗಿತು. ಆಮೇಲೆ ಅನ್ನ. ಬನ್ನನ್ನು ಟೀಯಲ್ಲಿ ಕರಗುವವರೆಗೆ ನೆನೆಸಿ ನುಂಗುತ್ತಿದ್ದಳು. ಕೊನೆಗೆ ನನ್ನ ಅಮ್ಮ ಕಳಿಸುತ್ತಿದ್ದ ರಾಗಿ ಗಂಜಿಯೂ ನಿಧಾನಕ್ಕೆ, ಕೆಮ್ಮಿ ಕೆಮ್ಮಿ, ಇಳಿಯಬೇಕಿತ್ತು. ಯಾರಾದರೂ ಊಟಕ್ಕೆ ಕರೆದರೆ ರೋಜಾ, ಉಪವಾಸ ಇದ್ದೇನೆ ಎನ್ನುತ್ತಿದ್ದಳು. "ನಂಗೆ ವರ್ಸಪೂರ್ತಿ ರಂಜಾನೇ ಕಣಮ್ಮಿ, ಹಬ್ಬ ಮಾತ್ರ ಬರಾಕಿಲ್ಲ." ಬಟ್ಟೆ ಕೊಡಲು ಬಂದ ಹೆಂಗಸರು ಅವಳ ಮೂಳೆ ಬಿಟ್ಟ ಮುಖ ನೋಡಿ ಪಾಪ ಎಂದರೆ ಕತ್ತರಿ ಕೆಳಗಿಟ್ಟು, "ಪಾಪ ಅನ್ನೋರ್ಗೆ ಇಲ್ಲಿ ಹೊಲಿಯಾಕಿಲ್ಲ. ಓಗಿ, ಬ್ಯಾರೆ ಟೈಲರ್ ನೋಡ್ಕಳಿ," ಎನ್ನುತ್ತಿದ್ದಳು. ನಿಜವಾಗಿಯೂ ಕಳಿಸಿಬಿಡುತ್ತಿದ್ದಳು.

ಮೈಸೂರಿನ ಆಸ್ಪತ್ರೆಗೆ ನಾವು ಮೂವರು ಹೋದೆವು. ಅವಳು, ಅವಳ ತಾಯಿ, ಇಂಗ್ಲಿಷ್ ಬರುತ್ತದೆಂದು ನಾನು. ಫಾರಂ ತುಂಬಿದವಳು ನಾನೇ. "ಹಿಂದಿನ ಕಾಯಿಲೆಗಳು" ಎಂಬ ಜಾಗ ಬಂದಾಗ ಪೆನ್ನು ನಿಂತಿತು. ಚಾಮರಾಜನಗರದ ಅರಿಸಿನ ವ್ಯಾಪಾರಿಗಳ ಮನೆಯಿಂದ ಆಗಷ್ಟೇ ಆಪಾಗೆ ಸಂಬಂಧದ ಮಾತು ಬಂದಿತ್ತು, ಅವರ ಕಡೆಯವರು ಯಾರೋ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಅವಳ ತಾಯಿ ನನ್ನ ಮಣಿಕಟ್ಟು ಒತ್ತಿದರು. ನಾನು "ಇಲ್ಲ" ಎಂದು ಬರೆದೆ.

ಒತ್ತಿದರೇ? ನನ್ನ ದಿನಚರಿಯಲ್ಲಿ ಆ ದಿನ ಇರುವುದು ಇಷ್ಟೇ: "ಆಪಾ ಜೊತೆ ಮೈಸೂರು. ತುಂಬ ಬಿಸಿಲು. ಬಸ್ಸಿನಲ್ಲಿ ಸೀಟಿಲ್ಲ." ಆ ಕೈಯ ಒತ್ತಡ ಎಷ್ಟೋ ವರ್ಷಗಳ ಮೇಲೆ ನನ್ನ ನೆನಪಿಗೆ ಬಂದು ಸೇರಿಕೊಂಡಿದ್ದರೂ ಇರಬಹುದು, ತಪ್ಪನ್ನು ಹಂಚಿಕೊಳ್ಳಲು ಇನ್ನೊಬ್ಬರು ಬೇಕಾಗಿ... ಗೊತ್ತಿಲ್ಲ. ಅಕ್ಷರವಂತೂ ನನ್ನದು.

ಕಿರಿದಾದ ಅನ್ನನಾಳವನ್ನು ಬಾಯಿಯ ಮೂಲಕ ಬಲೂನು ಇಳಿಸಿ ಹಿಗ್ಗಿಸಿದರು. ಎರಡು ವಾರ ಅನ್ನ ಉಂಡಳು, ಮತ್ತೆ ಮುಚ್ಚಿಕೊಂಡಿತು. ಇನ್ನೊಮ್ಮೆ ಹಿಗ್ಗಿಸಿದರು. ಮೂರನೆಯ ಸಲ ನಾಳ ಒಳಗೇ ಹರಿಯಿತು. ಜ್ವರ, ಎದೆಯಲ್ಲಿ ಕೀವು, ಬಾಯಿಗೆ ಒಂದು ತೊಟ್ಟು ನೀರೂ ಇಲ್ಲದೆ ವಾರಗಟ್ಟಲೆ ಮಲಗಿದಳು. ಹೊಟ್ಟೆಯ ಪಕ್ಕದಲ್ಲಿ ಕರುಳಿಗೆ ನಳಿಕೆ ಇಟ್ಟು ಆಹಾರ ಬಿಡುತ್ತಿದ್ದರು. ಶಸ್ತ್ರಚಿಕಿತ್ಸೆಯ ಡಾಕ್ಟರು ಮಂಚದ ಪಕ್ಕ ನಿಂತು, "ಈ ವಯಸ್ಸಿಗೆ ಅನ್ನನಾಳ ಒಣಗಿದ ಚರ್ಮದ ಹಾಗಿದೆಯಲ್ಲಮ್ಮಾ, ಯಾಕೆ?" ಎಂದು ನಮ್ಮನ್ನು ಕೇಳಿದರು. ಅವಳ ತಾಯಿ ನೆಲ ನೋಡಿದರು. ನಾನೂ ನೋಡಿದೆ. ಇದು ದಿನಚರಿಯಲ್ಲಿದೆ.

ಆಪಾ ತಾನೇ ಕಾಲರಿನ ಗುಂಡಿ ಬಿಚ್ಚಿ ಚುಕ್ಕೆ ತೋರಿಸಿದಳು. "ಚಿಕ್ಕೋಳಿದ್ದಾಗ ಕ್ಯಾನ್ಸರ್ ಆಗಿತ್ತು ಸಾರ್. ಇಲ್ಲಿಂದ ಇಲ್ಲಿಗಂಟ ಕರೆಂಟ್ ಕೊಟ್ಟವ್ರೆ. ಫಾರಂನಾಗೆ ಇಲ್ಲ ಅಂತ ಬರ್ಸಿದ್ದು ನಾನೇ."

ಬರೆಸಿದವಳು ಅವಳಲ್ಲ. ನನ್ನ ಕಡೆ ತಿರುಗಿಯೂ ನೋಡದೆ ಅದನ್ನು ತನ್ನ ಮೇಲೆ ಎಳೆದುಕೊಂಡಳು. ಕರೆಂಟು ಬಿದ್ದ ನಾಳ ಎಂದು ಮೊದಲೇ ಗೊತ್ತಿದ್ದರೆ ಅಷ್ಟು ಹಿಗ್ಗಿಸುತ್ತಿರಲಿಲ್ಲ ಎಂದರು ಡಾಕ್ಟರು.

ಮರುದಿನ ನನ್ನನ್ನು ಎಸ್‌ಟಿಡಿ ಬೂತಿಗೆ ಕಳಿಸಿದಳು. "ಚಾಮರಾಜನಗರಕ್ಕೆ ಫೋನ್ ಮಾಡು. ಟಿ.ಬಿ. ಅಲ್ಲ, ಕ್ಯಾನ್ಸರ್ ಆಗಿತ್ತು ಅಂತ ಯೋಳ್ಬುಡು. ಬೇಕಂದ್ರೆ ಬರ್ಲಿ, ಬ್ಯಾಡಂದ್ರೆ ಬುಡ್ಲಿ." ಹೇಳಿದೆ. ಆ ಕಡೆಯವರು ಫೋನ್ ಇಟ್ಟರು. ಅವರು ಮತ್ತೆ ಬರಲಿಲ್ಲ.

ಡಾಕ್ಟರು ಎರಡು ದಾರಿ ಹೇಳಿದರು. ಬದುಕಿಡೀ ಹೊಟ್ಟೆಯ ನಳಿಕೆಯಲ್ಲೇ ಇರುವುದು ಒಂದು. ಕೆಟ್ಟ ಅನ್ನನಾಳವನ್ನು ತೆಗೆದುಹಾಕಿ, ಜಠರವನ್ನು ಕೊಳವೆಯಂತೆ ಮಾಡಿ ಎದೆಯೊಳಗಿಂದ ಮೇಲೆಳೆದು ಕತ್ತಿನಲ್ಲಿ ಜೋಡಿಸುವುದು ಇನ್ನೊಂದು. ಕರೆಂಟು ಬಿದ್ದ ಮೈಯಲ್ಲಿ ಹೊಲಿಗೆ ಹಿಡಿಯುವುದು ಕಷ್ಟ, ಪ್ರಾಣಕ್ಕೇ ಅಪಾಯ ಇದೆ ಎಂದರು. ಎಲ್ಲಿಗೆ ಎಷ್ಟು ಕರೆಂಟು ಬಿದ್ದಿತ್ತು, ಯಾವ ಔಷಧಿ ಕೊಟ್ಟಿದ್ದರು ಎಂಬ ಹಳೆಯ ಕಾಗದ ಸಿಕ್ಕರೆ ಒಳ್ಳೆಯದು ಎಂದೂ ಹೇಳಿದರು.

"ಜೀವ ಒಂದಿದ್ರೆ ಸಾಕು ಬೇಟಿ, ನಳಿಕೆನೇ ಇರ್ಲಿ," ಎಂದರು ತಾಯಿ.

"ಸಾಕಾಗಾಕಿಲ್ಲಮ್ಮಾ," ಎಂದಳು ಆಪಾ. "ನಂಗೆ ಉಣ್ಬೇಕು."

ಆಮೇಲೆ ನನಗೆ ಆ ಆಪರೇಷನ್ನನ್ನು ತನ್ನ ಲೆಕ್ಕದಲ್ಲಿ ಬಿಡಿಸಿ ಹೇಳಿದಳು: "ತೋಳಿಗೆ ಬಟ್ಟೆ ಸಾಲ್ದೆ ಇದ್ರೆ ಕೆಳಗಿನ ಅಂಚಿಂದ ತಕ್ಕಂಡು ಜೋಡಿಸ್ತೀನಲ್ಲ, ಅದೇಯ. ಆ ಡಾಕ್ಟ್ರಿಗೆ ಕೈ ನಡುಗ್ದಿದ್ರೆ ಸಾಕು."

ಎರಡು ದಿನ ಬಿಟ್ಟು ತಾಯಿ ಊರಿಗೆ ಹೋಗಿ ಬಂದರು. ದಿಂಬಿನ ಚೀಲದಲ್ಲಿ ಸುತ್ತಿದ ಒಂದು ಫೈಲು ಮಂಚದ ಮೇಲಿಟ್ಟರು. ಬೆಂಗಳೂರಿನ ಕಾಗದಗಳು, ಒಂದೂ ಹರಿದಿರಲಿಲ್ಲ. "ಸುಟ್ಟೆ ಅಂದಿದ್ದು ಸುಳ್ಳು. ಮಗಳ್ನ ಉಳಿಸಿದ್ ಕಾಗ್ದ, ಹೆಂಗ್ ಸುಡ್ಲಿ?" ಎಂದು ಗೋಡೆ ಕಡೆ ತಿರುಗಿ ನಿಂತರು. ಆ ಮಾತು ಕೇಳುವವರೆಗೂ ನಾನು ಮನಸ್ಸಿನಲ್ಲೇ ಎಲ್ಲವನ್ನೂ ಅವರ ತಲೆಗೆ ಕಟ್ಟುತ್ತಿದ್ದೆ.

ಆಪರೇಷನ್ನಿಗೆ ಬೆಳಗ್ಗೆ ಒಳಗೆ ಹೋದವಳು ಸಂಜೆ ಹೊರಗೆ ಬಂದಳು. ಕತ್ತಿನ ಜೋಡಣೆ ಕೆಲವು ದಿನ ಸೋರಿತು. ಡಾಕ್ಟರು ಕಾಯೋಣ ಎಂದರು, ಕಾದೆವು, ತಾನಾಗಿಯೇ ಮಾಯಿತು. ಬಾಯಿಗೆ ಕೊಟ್ಟ ಮೊದಲ ಚಮಚ ನೀರನ್ನು ಅವಳು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು, ಆಮೇಲೆ ಕಣ್ಣು ಮುಚ್ಚಿ ಬಿಟ್ಟಳು. ಕೆಮ್ಮು ಬರಲಿಲ್ಲ. "ಓಯ್ತು," ಎಂದಳು. ದನಿ ಒಡೆದಿತ್ತು, ಕೊನೆಯವರೆಗೂ ಹಾಗೇ ಉಳಿಯಿತು.

ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ತನ್ನ ಕುರ್ತಾಗಳ ಕಾಲರು ಕತ್ತರಿಸಿದ್ದು. ಎಡಗತ್ತಿನ ಉದ್ದ ಗಾಯ, ಎರಡೂ ಚುಕ್ಕೆ, ಎಲ್ಲ ಕಾಣುವಂತೆ ಕತ್ತು ತೆರೆದು ಹೊಲಿದಳು. ದುಪಟ್ಟಾ ಸರಿಮಾಡಲು ಹೋದ ತಾಯಿಗೆ "ಕಾಣ್ಲಿ ಬುಡಮ್ಮಾ" ಎಂದಳು.

ವರ್ಷದೊಳಗೆ ಚಾಮರಾಜನಗರದಲ್ಲಿ ಆಪಾಳ ನೆಂಟರ ಮದುವೆ. ಬೇಡ ಎಂದರೂ ನನ್ನನ್ನೂ ಎಳೆದುಕೊಂಡು ಹೋದಳು. ಫೋನ್ ಇಟ್ಟ ಆ ಮನೆಯ ಹೆಂಗಸರೂ ಬಂದಿದ್ದರು. ನೆಲಕ್ಕೆ ಹಾಸಿದ ಊಟದ ಬಟ್ಟೆಯ ಎದುರು ಜಾಗ ಹುಡುಕಿ, ಸರಿಯಾಗಿ ಅವರ ಮಧ್ಯೆಯೇ ಕೂತಳು. ಅವರಲ್ಲಿ ಒಂದು ಪದ್ಧತಿ: ಒಟ್ಟಿಗೆ ಕೂತವರಲ್ಲಿ ಕೊನೆಯವರು ಉಂಡು ಮುಗಿಸುವವರೆಗೆ ಯಾರೂ ಏಳುವಂತಿಲ್ಲ. ಆಪಾ ಗೋಲಿಯಷ್ಟು ಬಿರಿಯಾನಿ ಬಾಯಿಗಿಟ್ಟು ನೂರು ಸಲ ಅಗಿಯುವಳು. ನುಂಗುವಳು. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು. ಉಳಿದವರ ಕೈ ಒಣಗಿತು. ಮುಂದಿನ ಪಂಕ್ತಿಯವರು ಬಂದು ಹಿಂದೆ ನಿಂತರು. ಆ ಮನೆಯ ಹಿರಿಯ ಹೆಂಗಸು ಗಡಿಯಾರ ನೋಡಿ, "ನಿಧಾನ ಆಯ್ತದೇನಮ್ಮ ನಿಂಗೆ, ಪಾಪ," ಎಂದರು.

"ಊಂ ಖಾಲಾ. ಹೊಸಾ ಗಂಟ್ಲು, ಈಗ ಕಲೀತಾ ಐತೆ," ಎಂದಳು ಆಪಾ. "ಕೂತ್ಕಳಿ. ಇನ್ನೂ ಸಿಹಿ ಬಂದಿಲ್ಲ."

ಸಿಹಿ ಬಂತು. ಅದನ್ನೂ ಪೂರ್ತಿ ತಿಂದಳು. ಅಷ್ಟು ಹೊತ್ತೂ ಅವರು ಕೂತೇ ಇದ್ದರು. ಒಂದು ಗಂಟೆ ಎಂದು ನನ್ನ ನೆನಪು, ದಿನಚರಿಯಲ್ಲಿ ಮುಕ್ಕಾಲು ಗಂಟೆ ಎಂದಿದೆ. ಈ ಒಂದು ವಿಷಯದಲ್ಲಿ ನಾನು ನೆನಪಿನ ಕಡೆ.

ಆಮೇಲೆ ಏಳು ವರ್ಷ ಇದ್ದಳು. ಹೊಲಿದಳು, ಜಗಳವಾಡಿದಳು, ಕೂತೇ ನಿದ್ದೆ ಮಾಡಿದಳು, ಮಲಗಿದರೆ ತಿಂದದ್ದು ಬಾಯಿಗೆ ಬರುತ್ತಿತ್ತು. ಈ ಹಸಿರು ಕುರ್ತಾ ಆಗಲೇ ಹೊಲಿದದ್ದು. "ಒಳಗೆ ಬಟ್ಟೆ ಬುಟ್ಟಿವ್ನಿ. ಮೈ ಇದ್ದಂಗೇ ಇರಾಕಿಲ್ಲ ಕಣಮ್ಮಿ," ಎಂದಿದ್ದಳು. ಹತ್ತನೆಯ ವಯಸ್ಸಿನಲ್ಲಿ ಪಡೆದ ಆ ಕರೆಂಟು, ಆ ಔಷಧಿ ಹೃದಯವನ್ನೂ ಬಿಟ್ಟಿರಲಿಲ್ಲವಂತೆ. ಒಂದು ಮಧ್ಯಾಹ್ನ ಯಂತ್ರದ ಮುಂದೆಯೇ ಕುಸಿದಳು. ಆಗ ನಾನು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ. ಫಾರಂ ಬರೆದವಳು ನಾನು ಎಂದು ಡಾಕ್ಟರಿಗೆ ಹೇಳಲಿಲ್ಲ. ಅವಳ ಹತ್ತಿರವೂ ಅದರ ಮಾತೆತ್ತಲಿಲ್ಲ. ಏಳು ವರ್ಷ ಸಮಯವಿತ್ತು...

ಅಷ್ಟೆಲ್ಲ ನೋವು ತಿಂದು ಏನು ಬಂತು, ಪಾಪ, ಎಂದು ಬೀದಿಯಲ್ಲಿ ಈಗಲೂ ಅನ್ನುವವರಿದ್ದಾರೆ. ಏಳು ವರ್ಷ ಉಂಡಳು ಎನ್ನುತ್ತೇನೆ. ಬೇರೇನೂ ಹೇಳುವುದಿಲ್ಲ.

ಬಿಚ್ಚಿದ ಕುರ್ತಾವನ್ನು ಹೊಲಿಸಲು, ಈಗ ನಾನಿರುವ ಚಾಮರಾಜನಗರದ ಟೈಲರ್ ಒಬ್ಬನ ಹತ್ತಿರ ಒಯ್ದೆ. ಅವನು ಎತ್ತಿ ಹಿಡಿದು ನೋಡಿ ತಲೆಯಾಡಿಸಿದ. ಎರಡು ಪಕ್ಕದಲ್ಲೂ ಹೊಸ ಹಸಿರಿನ ಪಟ್ಟಿ. "ಮೇಡಂ, ಎದ್ದು ಕಾಣುತ್ತೆ. ಗಾಯದ ಗೆರೆ ಥರ. ಬಣ್ಣ ಹಾಕಿಸ್ಬುಡಿ."

"ಕಾಣ್ಲಿ ಬುಡಪ್ಪ," ಎಂದೆ. ಎಂ.ಎ. ಓದಿದ ಮೇಲೆ ನನ್ನ ಬಾಯಿಂದ ಬಿಟ್ಟುಹೋಗಿದ್ದ ಊರ ಮಾತು ಅದು. ಇವತ್ತು ಆ ಕುರ್ತಾವನ್ನೇ ತೊಟ್ಟುಕೊಂಡು ನಾನು ಪಾಠ ಮಾಡುವ ಕಾಲೇಜಿಗೆ ಹೋಗಿ ಬಂದೆ.