ವಿಮಾನದ ಬಾಲಕ್ಕೊಂದು ನಿಂಬೆಹಣ್ಣು

ಕೈಗೆ ಸಿಕ್ಕಿದ್ದನ್ನೆಲ್ಲ ಎರಡು ಬೆರಳ ತುದಿಯ ಮೇಲೆ ನಿಲ್ಲಿಸಿ, ಅದರ ಭಾರ ಎತ್ತ ವಾಲುತ್ತದೆಂದು ನೋಡುವ ಒಂದು ದುರಭ್ಯಾಸ ನನಗಿದೆ. ಊಟಕ್ಕೆ ಕುಳಿತಾಗ ಸಾರಿನ ಸೌಟು, ಬಸ್ಸಿಗೆ ಕಾಯುವಾಗ ಕೊಡೆ, ಮದುವೆಮನೆಯ ಬಾಗಿಲಲ್ಲಿ ಪನ್ನೀರುದಾನಿ, ಯಾವುದನ್ನೂ ನಾನು ಬಿಟ್ಟವನಲ್ಲ. ಒಮ್ಮೆ ಬೀಗರ ಕಡೆಯವರೊಬ್ಬರು ಇದನ್ನು ಕಂಡು, ಇವರಿಗೆ ತಲೆ ನೆಟ್ಟಗಿದೆಯೇ ಎಂದು ನಮ್ಮವರನ್ನು ಮೆಲ್ಲಗೆ ವಿಚಾರಿಸಿದರಂತೆ. ನೆಟ್ಟಗಿದೆ. ಈ ಅಭ್ಯಾಸ ನನಗೆ ಅಂಟಿಕೊಂಡದ್ದು ಒಂದು ವಿಮಾನದ ದೆಸೆಯಿಂದ, ಆ ವಿಮಾನ ಕೆಟ್ಟದ್ದು ಒಂದು ನಿಂಬೆಹಣ್ಣಿನ ದೆಸೆಯಿಂದ ಎಂದರೆ ನೀವು ನಗುತ್ತೀರಿ. ಧಾರಾಳವಾಗಿ ನಗಿ, ನಾನು ಮಾತ್ರ ಈ ಪ್ರಸಂಗವನ್ನು ಸಿಟ್ಟಿಲ್ಲದೆ ಹೇಳಲಾರೆ.

ಅರವತ್ತರ ದಶಕದ ನಡುವಿನ ಮಾತು. ಶಿಡ್ಲಘಟ್ಟದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿದ್ದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಮನೆ ಖಾಲಿ ಮಾಡಿ ಹೊರಟಿದ್ದ ಒಬ್ಬ ವೃದ್ಧ ಇಂಜಿನಿಯರರ ಬಳಿ, ಹೆಬ್ಬೆರಳಿಗಿಂತ ಕೊಂಚ ದಪ್ಪನೆಯ ಒಂದು ಪುಟ್ಟ ಎಂಜಿನ್ನು, ಹಗುರವಾದ ಮರದ ಪಟ್ಟಿಗಳ ಕಟ್ಟು, ರೇಡಿಯೋ ಸಂಕೇತ ಕಳಿಸುವ ಒಂದು ಡಬ್ಬಿ, ಅದನ್ನು ಹಿಡಿಯುವ ಇನ್ನೊಂದು ಡಬ್ಬಿ, ಜೊತೆಗೆ ಒಂದು ಇಂಗ್ಲಿಷ್ ಪುಸ್ತಕ, ಇಷ್ಟನ್ನೂ ರೇಡಿಯೋದಿಂದ ನಡೆಸುವ ಒಂದು ಮಾದರಿ ವಿಮಾನ ಕಟ್ಟಲೆಂದು ಕೊಂಡು ತಂದೆ. ಅಂಥ ಡಬ್ಬಿ ಇಟ್ಟುಕೊಳ್ಳಲು ಅಪ್ಪಣೆ ಬೇಕಿತ್ತು. ಅಪ್ಪಣೆ ಕೊಡುವ ಕಚೇರಿಯ ಗುಮಾಸ್ತರೊಬ್ಬರು, ತಾವು ಯಾವ ಯಾವ ಹಾಡುಗಳನ್ನು ಪ್ರಸಾರ ಮಾಡುವಿರಿ ಎಂದು ಗಂಭೀರವಾಗಿ ಕೇಳಿದರು. ಊರಿನವರ ಪ್ರಶ್ನೆಗಳು ಇದಕ್ಕಿಂತ ಉತ್ತಮವಾಗಿದ್ದವೆಂದು ತಿಳಿಯಬೇಡಿ. ಇದರಲ್ಲಿ ಎಷ್ಟು ಜನ ಕೂರಬಹುದು ಎಂದವರುಂಟು, ಇದಕ್ಕಿಂತ ಗಾಳಿಪಟವೇ ವಾಸಿಯಲ್ಲವೇ ಎಂದವರುಂಟು. ಮಂಡಿಕಲ್ಲಿನಿಂದ ಸಂತೆಗೆ ಬಂದಿದ್ದ ಗೌಡರೊಬ್ಬರು, ಇದು ಹೊಲಕ್ಕೆ ಔಷಧಿ ಹೊಡೆಯುತ್ತದೆಯೇ ಎಂದು ಕೇಳಿದರು. ಆ ಪ್ರಶ್ನೆ ಬುದ್ಧಿವಂತಿಕೆಯದೆಂದು ಈಗ ತೋರುತ್ತದೆ. ಅಂದು ಅವರ ಮೇಲೂ ಸಿಡುಕಿದೆ.

ಇನ್ನು ನಮ್ಮಕ್ಕನ ವಿಷಯ. ಮುನಿವೆಂಕಟಮ್ಮ ನನಗಿಂತ ಹನ್ನೆರಡು ವರ್ಷ ಹಿರಿಯಳು, ಓದಿದ್ದು ಎರಡನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ನನ್ನೊಂದಿಗೇ ಇದ್ದು, ಹಿತ್ತಲ ಚಾವಡಿಯಲ್ಲಿ ಎರಡು ಚರಕ ಹಾಕಿಕೊಂಡು ರೇಷ್ಮೆಗೂಡಿನಿಂದ ನೂಲು ತೆಗೆಸುತ್ತಿದ್ದಳು. ಗೂಡು ಕೊಳ್ಳುವಾಗ ಅವಳು ರಾಶಿಯಿಂದ ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಎರಡು ಸಲ ಕುಲುಕಿ, ಇಷ್ಟು ಗೂಡಿಗೆ ಇಷ್ಟು ನೂಲು ಬರುತ್ತದೆಂದು ಹೇಳಿಬಿಡುವಳು, ಹೇಳಿದಷ್ಟೇ ಬರುವುದು. ಮಾರುವವರು ಅವಳನ್ನು ಕಂಡರೆ ಸ್ವಲ್ಪ ಹೆದರುತ್ತಿದ್ದರು. ಭೌತಶಾಸ್ತ್ರ ಬೋಧಿಸುವ ನಾನು ಇದನ್ನು ದಿನವೂ ನೋಡುತ್ತ, ಅದೊಂದು ಕೈಚಳಕ, ವಿದ್ಯೆಯಲ್ಲ ಎಂದು ತೀರ್ಮಾನಿಸಿದ್ದೆ.

ವಿಮಾನಕ್ಕೆ ಅವಳ ಋಣವೂ ಸಾಕಷ್ಟಿತ್ತು. ರೆಕ್ಕೆಗೆ ಹೊದಿಸಲು ತೆಳ್ಳನೆಯ ರೇಷ್ಮೆ ಬೇಕೆಂದು ಪುಸ್ತಕ ಹೇಳಿದಾಗ, ಪೆಟ್ಟಿಗೆಯ ತಳದಿಂದ ತನ್ನ ಹಳೆಯ ಸೀರೆಯೊಂದನ್ನು ತೆಗೆದುಕೊಟ್ಟವಳು ಅವಳೇ. ಅದನ್ನು ಪಟ್ಟಿಗಳ ಮೇಲೆ ಬಿಗಿದು, ಮಾಗಿದ ಬಾಳೆಹಣ್ಣಿನ ವಾಸನೆಯ ಒಂದು ದ್ರವವನ್ನು ಬಳಿದರೆ, ಬಟ್ಟೆ ಒಣಗುತ್ತ ತಮಟೆಯಂತೆ ಬಿಗಿಯುತ್ತಿತ್ತು. ಎಂಜಿನ್ನು ಕುಡಿಯುತ್ತಿದ್ದುದು ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳ ಮಿಶ್ರಣವನ್ನು. ಹರಳೆಣ್ಣೆ ಅವಳ ಅಡುಗೆಮನೆಯದು. ಹಾರಿಸುವ ದಿನ ಐದಡಿ ರೆಕ್ಕೆಯ ವಿಮಾನವನ್ನು ಮಗುವಿನಂತೆ ಎರಡು ತೋಳಲ್ಲೂ ಎತ್ತಿಕೊಂಡು ಕೆರೆಯಂಗಳದವರೆಗೆ ನಡೆಯುತ್ತಿದ್ದವಳೂ ಅವಳೇ. ನಾನು ಮೂತಿಯ ಕಡೆ ಕುಳಿತು ಬೆರಳಿನಿಂದ ಪಂಖ ತಿರುವಿ ಎಂಜಿನ್ನು ಹೊತ್ತಿಸುವಾಗ, ಅದು ಮುನ್ನುಗ್ಗದಂತೆ ಅವಳು ಬಾಲ ಹಿಡಿದಿರುತ್ತಿದ್ದಳು.

ಅತಿ ಸರಳವಾದ ವಿಮಾನ ಅದು. ರೇಡಿಯೋ ಡಬ್ಬಿಯಲ್ಲಿದ್ದುದು ಒಂದೇ ಗುಂಡಿ. ಒತ್ತಿದರೆ ಬಾಲದ ಚುಕ್ಕಾಣಿ ಬಲಕ್ಕೆ, ಬಿಟ್ಟು ಮತ್ತೆ ಒತ್ತಿದರೆ ಎಡಕ್ಕೆ. ಮೇಲೆ ಕೆಳಗೆ ಮಾಡುವ ಅಧಿಕಾರ ನಮಗಿಲ್ಲ. ಏರಬೇಕಾದಷ್ಟು ಏರುವುದು, ನೆಟ್ಟಗೆ ಹಾರುವುದು, ಎಲ್ಲವೂ ವಿಮಾನದ ಸಮತೋಲನವನ್ನೇ ಅವಲಂಬಿಸಿತ್ತು. ರೆಕ್ಕೆಯ ಅಡಿ, ಇಂಥ ಜಾಗದಲ್ಲಿ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಮೂತಿಯನ್ನೂ ಬಗ್ಗಿಸದೆ ಬಾಲವನ್ನೂ ಇಳಿಸದೆ ನಿಲ್ಲಬೇಕೆಂದು ಪುಸ್ತಕ ವಿಧಿಸಿತ್ತು. ನಾನು ಲೆಕ್ಕ ಹಾಕಿ, ಬೆರಳಿಟ್ಟು ನೋಡಿ, ಸರಿಯಿದೆಯೆಂದು ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಆಮೇಲೆ ಡಬ್ಬಿಯೊಂದಿಗೆ ಬಂದಿದ್ದ ವಿಲಾಯತಿ ಬ್ಯಾಟರಿಗಳು ಸತ್ತುಹೋದವು. ನಮ್ಮ ಅಂಗಡಿಗಳಲ್ಲಿ ಸಿಗುವ ಟಾರ್ಚಿನ ಬ್ಯಾಟರಿಗಳನ್ನು ಮೂತಿಯೊಳಗೆ ತುರುಕಿದೆ. ಬ್ಯಾಟರಿ ಎಂದರೆ ಬ್ಯಾಟರಿ, ಅದರಲ್ಲಿ ಮತ್ತೆ ತೂಗುವುದೇನಿದೆ ಎಂಬುದು ಗೋಡೆಯ ಮೇಲಿನ ಕೆಂಪು ಶಾಯಿಯಿಂದ ನನಗೆ ಬಂದ ಧೈರ್ಯ.

ವಿಮಾನ ನೆಲ ಬಿಟ್ಟು ಎರಡಾಳು ಎತ್ತರ ಏರಿ, ಏನನ್ನೋ ಬೀಳಿಸಿಕೊಂಡವರಂತೆ ತಲೆ ಬಗ್ಗಿಸಿ ಹುಲ್ಲಿಗೆ ಬಂದು ಮೂತಿ ಊರುತ್ತಿತ್ತು. ಒಂದು ಭಾನುವಾರವಲ್ಲ, ಐದು ಭಾನುವಾರ. ನಾನು ಎಂಜಿನ್ನನ್ನು ಬೈದೆ, ಗಾಳಿಯನ್ನು ಬೈದೆ, ನೋಡಲು ನೆರೆದವರ ಗದ್ದಲವನ್ನು ಬೈದೆ. ಸಮತೋಲನವನ್ನು ಮಾತ್ರ ಬೈಯಲಿಲ್ಲ, ಅದು ಗೋಡೆಯ ಮೇಲೆ ಸಿದ್ಧವಾಗಿಬಿಟ್ಟಿತ್ತಲ್ಲ. ಆರನೆಯ ಭಾನುವಾರ ಅಕ್ಕ, ಊರವರ ಕಣ್ಣೆಲ್ಲ ಇದರ ಮೇಲೈತೆ, ದೃಷ್ಟಿಯಾಗೈತೆ ಎನ್ನುತ್ತ, ಹಸಿಮೆಣಸಿನಕಾಯಿ ಪೋಣಿಸಿದ ದಾರದಲ್ಲಿ ಒಂದು ನಿಂಬೆಹಣ್ಣನ್ನು ವಿಮಾನದ ಬಾಲಕ್ಕೆ ಕಟ್ಟಿಬಿಟ್ಟಳು.

ನನ್ನ ಪಿತ್ತ ನೆತ್ತಿಗೇರಿತು. ಚಿಂತಾಮಣಿ ರಸ್ತೆಯಲ್ಲಿ ಓಡುವ ಲಾರಿಗಳ ಮೂತಿಯಲ್ಲಿ ಜೋತಾಡುವ ನಿಂಬೆಹಣ್ಣುಗಳನ್ನು ಉದಾಹರಿಸಿ, ಮೌಢ್ಯವೆಂದರೇನು ಎಂದು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಆ ತರಗತಿಯ ಅರ್ಧ ಮಂದಿ ಕೆರೆಯಂಗಳದಲ್ಲೇ ನಿಂತು ನೋಡುತ್ತಿದ್ದರು. ಕಿತ್ತೆಸೆಯಬೇಕೆನ್ನುವಷ್ಟರಲ್ಲಿ ಎಂಜಿನ್ನು ಹೊತ್ತಿಕೊಂಡಿತು, ಅಕ್ಕ ಬಾಲ ಬಿಟ್ಟಳು. ವಿಮಾನ ನೆಟ್ಟಗೆ ಏರಿತು. ನಾನು ಬಲ ಎಂದರೆ ಬಲಕ್ಕೆ, ಎಡ ಎಂದರೆ ಎಡಕ್ಕೆ ತಿರುಗಿತು. ಕೆರೆಯ ಏರಿಯನ್ನು ಮೂರು ಸುತ್ತು ಸುತ್ತಿ, ಎಣ್ಣೆ ಮುಗಿದ ಮೇಲೆ ತೇಲುತ್ತ ಬಂದು ಇಳಿಯಿತು. ನನ್ನ ಜೀವನದ ಪರಮಾನಂದದ ಆ ಗಳಿಗೆಯಲ್ಲಿ, ಹಿಂದಿನಿಂದ ಯಾರೋ ತೆಲುಗಿನಲ್ಲಿ, 'ಅಂತಾ ನಿಮ್ಮಕಾಯ ಮಹಿಮ' ಎಂದರು. ಎಲ್ಲ ನಿಂಬೆಹಣ್ಣಿನ ಮಹಿಮೆಯಂತೆ. ನನ್ನ ಎಂಟು ತಿಂಗಳ ದುಡಿಮೆಗೆ ಒಂದು ಮಾತೂ ಇಲ್ಲ.

ಅಲ್ಲಿಗೇ ನಿಂತಿದ್ದರೆ ಕಾಕತಾಳೀಯವೆಂದು ಸಮಾಧಾನಪಡಬಹುದಿತ್ತು. ಎರಡು ವಾರ ಚೆನ್ನಾಗಿ ಹಾರಿದ ವಿಮಾನ, ನಿಂಬೆಹಣ್ಣು ಒಣಗಿ ಸೊರಗಿದ ಹಾಗೆ ಮತ್ತೆ ತಲೆ ಬಗ್ಗಿಸತೊಡಗಿತು. ಹಣ್ಣಿನ ಶಕ್ತಿ ಮುಗಿಯಿತೆಂದು ಊರು ಹೇಳಿತು. ಅಕ್ಕ ಹೊಸ ಹಣ್ಣು ಕಟ್ಟಿದಳು, ಹಾರಿತು. ಪ್ರಯೋಗವನ್ನು ಮತ್ತೆ ಮಾಡಿದಾಗಲೂ ಅದೇ ಫಲಿತಾಂಶ ಬಂದರೆ ಅದು ಸತ್ಯ ಎಂದು ಮಕ್ಕಳಿಗೆ ಕಲಿಸಿದವನೂ ನಾನೇ. ಅವರು ಕಲಿತಿದ್ದರು, ದುರದೃಷ್ಟವಶಾತ್ ಚೆನ್ನಾಗಿಯೇ ಕಲಿತಿದ್ದರು.

ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ನಿಂಬೆಹಣ್ಣು ಬಿಚ್ಚಿ, ವಿಮಾನವನ್ನು ಬೆರಳ ಮೇಲೆ ನಿಲ್ಲಿಸಿದೆ. ಮೂತಿ ನಿಧಾನವಾಗಿ ಬಗ್ಗಿತು. ಹಣ್ಣು ಕಟ್ಟಿದೆ, ಮಟ್ಟವಾಗಿ ನಿಂತಿತು. ಟಾರ್ಚಿನ ಬ್ಯಾಟರಿಗಳ ಭಾರ ಮೂತಿಯಲ್ಲಿ, ಅದಕ್ಕೆ ಪ್ರತಿಭಾರ ಬಾಲದಲ್ಲಿ, ಇಷ್ಟೇ ಮಹಿಮೆ. ಆಗ ಹೊರಗೆ ಬಂದು, ನನ್ನ ಲೆಕ್ಕ ತಪ್ಪಾಗಿತ್ತೆಂದು ಎಲ್ಲರಿಗೂ ಹೇಳಿದ್ದರೆ ನಿಂಬೆಹಣ್ಣಿನ ಮಾಹಾತ್ಮ್ಯ ಅಂದೇ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಒಂದು ಸೀಸದ ತುಂಡನ್ನು ಹಣ್ಣಿನಷ್ಟೇ ತೂಕವಿದೆಯೆಂದು ಅಂದಾಜಿಸಿ, ಬಾಲದೊಳಗೆ ಅಂಟಿಸಿ, ಮೇಲೆ ರೇಷ್ಮೆ ಹೊದಿಸಿ ಮುಚ್ಚಿದೆ. ಗೋಡೆಯ ಕೆಂಪು ಶಾಯಿ ಹಾಗೆಯೇ ಇತ್ತು.

ಅವಸರಕ್ಕೆ ಕಾರಣವಿತ್ತು. ಶಾಲೆಯ ಹಿಂಬದಿಯ ಖಾಲಿ ಕೊಠಡಿಯನ್ನು ವಿಮಾನ ಕಟ್ಟುವ ಕೆಲಸಕ್ಕೆ ಬಿಟ್ಟುಕೊಡಿ, ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಎಂದು ನಾನು ಮುಖ್ಯೋಪಾಧ್ಯಾಯರ ಬೆನ್ನು ಹತ್ತಿದ್ದೆ. ಅವರು ಗೌರಿಬಿದನೂರಿನ ಕಡೆಯವರು, ಮಿತಭಾಷಿ. ಬರುವ ಶನಿವಾರ ಶಾಲಾ ಸಮಿತಿಯವರ ಎದುರು ವಿಮಾನ ನೆಟ್ಟಗೆ ಹಾರಿ ಇಡಿಯಾಗಿ ಇಳಿದರೆ ಕೊಠಡಿ ನಿಮ್ಮದು, ಇಲ್ಲವಾದರೆ ಮುರಿದ ಬೆಂಚುಗಳಿಗೆ ಎಂದಿದ್ದರು. ನಿಂಬೆಹಣ್ಣು ಇಲ್ಲದೆಯೇ ಹಾರಿಸುತ್ತೇನೆಂದು, ಯಾರೂ ಕೇಳದಿದ್ದರೂ, ನಾನು ತರಗತಿಯಲ್ಲಿ ಪಂಥ ಕಟ್ಟಿದ್ದೆ.

ಶನಿವಾರ ಎಲೆ ಅಲುಗದ ಬೆಳಗು. ಅಕ್ಕ ವಿಮಾನಕ್ಕೆ ಹಳೆಯ ಪಂಚೆ ಹೊದಿಸಿ ಎತ್ತಿಕೊಂಡು ಬಂದಳು. ಚಿಕ್ಕಬಳ್ಳಾಪುರದಿಂದ ಬಂದಿದ್ದ ಇಬ್ಬರು ಸಮಿತಿಯವರೂ, ಮುಖ್ಯೋಪಾಧ್ಯಾಯರೂ ಹುಣಸೆಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಎಂಜಿನ್ನು ಹೊತ್ತಿಕೊಂಡಿತು. ನಾನು ಡಬ್ಬಿಯ ಬಳಿಗೆ ಓಡಿ ಕೈಯೆತ್ತಿದೆ. ಅಕ್ಕ ಎಂದಿಲ್ಲದಂತೆ ಒಂದು ಕ್ಷಣ ತಡೆದು, ನನ್ನ ಮುಖ ನೋಡಿದಳು. ನಾನು ಮತ್ತೆ ಕೈ ಬೀಸಿದೆ. ಬಿಟ್ಟಳು. ವಿಮಾನ ನೆಲದಿಂದ ಚಂಗನೆ ನೆಗೆದು ಮೂತಿಯನ್ನು ಆಕಾಶಕ್ಕೆ ಎತ್ತಿತು, ಎತ್ತುತ್ತಲೇ ಹೋಯಿತು. ಅದರ ಬಾಲದ ಅಡಿಯಲ್ಲಿ ಹೊಚ್ಚ ಹೊಸ ನಿಂಬೆಹಣ್ಣೊಂದು ತೂಗಾಡುತ್ತಿರುವುದು ಆಗ ಕಾಣಿಸಿತು. ನಾನು ಗುಂಡಿಯನ್ನು ಒತ್ತಿದೆ, ಒತ್ತಿದೆ. ಎಡಬಲಗಳಿಂದ ಏನೂ ಆಗುವಂತಿರಲಿಲ್ಲ. ನೆಟ್ಟಗೆ ನಿಂತ ವಿಮಾನ ಉಸಿರು ಕಟ್ಟಿ, ಪಕ್ಕಕ್ಕೆ ಹೊರಳಿ, ಕಲ್ಲುಬಂಡೆಯ ಮೇಲೆ ಬಿದ್ದು ಪುಡಿಪುಡಿಯಾಯಿತು.

ಏನಾಯಿತು ಮೇಷ್ಟ್ರೇ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಗಾಳಿ ಎಂದೆ. ಅವರು ತಲೆಯೆತ್ತಿ, ಒಂದೆಲೆಯೂ ಅಲುಗದ ಹುಣಸೆಮರವನ್ನು ನೋಡಿ, ಎದ್ದು ಹೋದರು.

ಮನೆಗೆ ಬಂದವನೇ ಅಕ್ಕನ ಮೇಲೆ ಹರಿಹಾಯ್ದೆ. ಮೌಢ್ಯ, ಅಜ್ಞಾನ, ಊರೆದುರು ಮರ್ಯಾದೆ ಕಳೆದದ್ದು, ಮಕ್ಕಳ ಕೊಠಡಿ ಕೈತಪ್ಪಿದ್ದು, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಚೂರುಗಳನ್ನು ಮೊರಕ್ಕೆ ಆರಿಸಿ ಹಾಕುತ್ತ ಪೂರ್ತಿ ಕೇಳಿಸಿಕೊಂಡಳು.

"ದೃಷ್ಟಿ ಅಲ್ಲ ಕಣೋ," ಅಂದಳು ಆಮೇಲೆ. "ಎತ್ಕೊಂಡು ಬರೋವಾಗೆಲ್ಲ ಮೂತಿ ಕಡೆ ತೋಳು ಸೋಲ್ತಿತ್ತು. ಮೂತಿ ಭಾರ ಐತೆ ಅಂದಿದ್ರೆ ನೀನು ಪುಸ್ತಕ ತಂದು ತೋರಿಸ್ತಿದ್ದೆ. ದೃಷ್ಟಿ ಅಂದ್ರೆ ಬೈಕೊಂಡಾದ್ರೂ ಬಿಡ್ತೀಯ ಅಂತ ಕಟ್ಟಿದೆ."

ನಾನು ಮೊರದ ಪಕ್ಕ ಕುಳಿತೆ.

"ಇವತ್ತು ನೋಡಿದ್ರೆ ಹಣ್ಣಿರಲಿಲ್ಲ. ದೊಡ್ಡೋರು ಬರ್ತಾರೆ ಅಂತ ನಾಚ್ಕೊಂಡು ಬಿಚ್ಚಿದ್ದೀಯ ಅನ್ಕೊಂಡು, ಕಾಣದಂಗೆ ಬಾಲದ ಕೆಳಗೆ ಕಟ್ಟಿದೆ. ಅಲ್ಲಿ ಬಾಲ ಹಿಡಿದಾಗ ಭಾರ ಅನ್ನಿಸ್ತಪ್ಪ. ಅಷ್ಟು ಜನದ ಮುಂದೆ ಮೇಷ್ಟ್ರಿಗೆ ನಾನೆಂಗೆ ಹೇಳ್ಲಿ?"

ಇಷ್ಟು ಹೊತ್ತು ಉರಿಯುತ್ತಿದ್ದ ಸಿಟ್ಟು ಹೋಗಿ ನನಗೆ ನಾಚಿಕೆಯಾಯಿತು, ಮುಖವೆತ್ತಿ ನೋಡಲಾರದಷ್ಟು ನಾಚಿಕೆಯಾಯಿತು. ಬಾಲದ ಚೂರನ್ನು ಹರಿದು, ಸೀಸದ ತುಂಡನ್ನು ತೆಗೆದು ಅವಳ ಮುಂದಿಟ್ಟೆ. ನಾನು ಮುಚ್ಚಿಟ್ಟಿದ್ದನ್ನು ಹೇಳಿದೆ, ಬ್ಯಾಟರಿಯ ತಪ್ಪನ್ನೂ ಹೇಳಿದೆ. ನನ್ನ ಮರ್ಯಾದೆ ಉಳಿಸಲು ಅವಳು ಸುಮ್ಮನಿದ್ದಳು, ಅದೇ ಮರ್ಯಾದೆಗಾಗಿ ನಾನೂ ಸುಮ್ಮನಿದ್ದೆ. ನಡುವೆ ಕೊಠಡಿ ಹೋಗಿತ್ತು. ಅಕ್ಕ ಒಂದು ಅಂಗೈಯಲ್ಲಿ ಸೀಸವನ್ನೂ, ಇನ್ನೊಂದರಲ್ಲಿ ಒಂದಿಷ್ಟೂ ಜಜ್ಜಿರದ ನಿಂಬೆಹಣ್ಣನ್ನೂ ಇಟ್ಟುಕೊಂಡು ಎರಡು ಸಲ ಕುಲುಕಿ, "ನಿಂದು ಒಂಚೂರು ಜಾಸ್ತಿ ಐತೆ," ಅಂದಳು.

ಸೋಮವಾರ ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದೆ. ತರಗತಿಯ ಮುಂದೆ ತಕ್ಕಡಿಯಿಟ್ಟು, ಒಂದು ತಟ್ಟೆಗೆ ಹಣ್ಣನ್ನೂ ಇನ್ನೊಂದಕ್ಕೆ ಸೀಸವನ್ನೂ ಹಾಕಿದೆ. ಸೀಸದ ತಟ್ಟೆ ಕೆಳಗಿಳಿಯಿತು. ಗಾಳಿ ಎಂದದ್ದು ಸುಳ್ಳೆಂದೂ, ಲೆಕ್ಕ ತಪ್ಪಿದವನು ನಾನೆಂದೂ, ಅದನ್ನು ಮೊದಲು ಕಂಡವಳು ನಮ್ಮಕ್ಕನೆಂದೂ ಮಕ್ಕಳಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಆದರೂ ಬೆಂಚುಗಳು ಆ ವಾರವೇ ಕೊಠಡಿ ಸೇರಿದವು.

ಸಂಜೆ ಮನೆಗೆ ಬಂದು, ತೂಗಿ ನೋಡಿದೆ, ನೀನು ಹೇಳಿದ್ದೇ ಸರಿ, ಸೀಸವೇ ಹೆಚ್ಚು ಎಂದು ಅಕ್ಕನಿಗೆ ತಿಳಿಸಿದೆ. ಅವಳು ಚರಕದಿಂದ ಕಣ್ಣೆತ್ತದೆ, "ಅದನ್ನ ನೋಡೋಕೆ ಸ್ಕೂಲಿಗೆ ಹೋಗಬೇಕಾಗಿತ್ತಾ?" ಅಂದಳು.