ಅಳಿಯನಿಗೆ ಆರಿಸಿದ ಹತ್ಯಾರ

ನನ್ನ ತಂಗಿಯ ಗಂಡ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲೆಲ್ಲ ಅವನ ಮೇಲಿನ ನನ್ನ ಹೊಟ್ಟೆಕಿಚ್ಚೇ ಕಾಣುತ್ತದೆ. ಮಸ್ಕಿಯ ಕಚೇರಿಯೊಂದರಲ್ಲಿ ಗುಮಾಸ್ತ. ಕುಡಿಯುವುದಿಲ್ಲ, ಗುಟ್ಕಾ ಹಾಕುವುದಿಲ್ಲ, ಹೆಂಡತಿಯ ಮೇಲೆ ದನಿ ಏರಿಸುವುದಿಲ್ಲ. ಒಂದು ಕೆಟ್ಟ ಚಟವಾದರೂ ಇದ್ದಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ. ಅದಕ್ಕೂ ಅವನು ಆಸ್ಪದ ಕೊಟ್ಟಿಲ್ಲ.

ಕಳೆದ ವರ್ಷ ಈ ಒಳ್ಳೆಯವನಿಗೆ ಇದ್ದಕ್ಕಿದ್ದಂತೆ ಬಡಗಿ ಕೆಲಸ ಕಲಿಯುವ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಯಾರೋ ಸ್ಟೂಲು ಮಾಡುವ ವಿಡಿಯೊ ನೋಡಿದನಂತೆ. ನಮ್ಮಪ್ಪ ಲಿಂಗಸುಗೂರಿನಲ್ಲಿ ಬಡಗಿ. ಗಂಡುಮಕ್ಕಳಿಲ್ಲ, ನಾವಿಬ್ಬರೇ ಹೆಣ್ಣುಮಕ್ಕಳು. ನಾನು ದೊಡ್ಡವಳು, ಸಿಂಧನೂರಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ಸಲ ಹಬ್ಬಕ್ಕೆಂದು ಎಲ್ಲರೂ ತವರಿನಲ್ಲಿ ಸೇರಿದ್ದೆವು. ಹೋಳಿಗೆ ಉಂಡು ಕೈ ತೊಳೆದು ಬಂದವನೇ ಅವನು ಅಪ್ಪನ ಎದುರು ಕೂತು ಕೇಳಿದ.

"ಮಾವಾರ, ನನಗ ನಿಮ್ಮ ಕೆಲಸ ಕಲಿಸ್ತೀರೇನ್ರಿ?"

ಅಪ್ಪನ ಮುಖ ನೋಡಬೇಕಿತ್ತು. ಹೆಗಲ ಮೇಲಿನ ಟವೆಲ್ ತೆಗೆದು ಸುಮ್ಮನೆ ಮುಖ ಒರೆಸಿಕೊಂಡ, ಒರೆಸುವಂಥದ್ದು ಅಲ್ಲೇನೂ ಇರಲಿಲ್ಲ. ನಾನು ಶಾಲೆಗೇ ಮೊದಲಿಗಳಾಗಿ ಪಾಸಾದಾಗ, ನೌಕರಿಯ ಆದೇಶ ಕೈಗೆ ಬಂದಾಗ ಅಪ್ಪ ಪೇಡೆ ಹಂಚಿದ್ದ, ಇಲ್ಲವೆನ್ನಲಾರೆ. ಆದರೆ ಇಂಥ ಮುಖ ನನಗೆ ತೋರಿಸಿರಲಿಲ್ಲ. ಅಂದಿನಿಂದಲೇ ನನ್ನ ಹೊಟ್ಟೆಯಲ್ಲಿ ಉರಿ ಶುರುವಾಯಿತು.

ಯಾಕೆ ಉರಿ ಎಂದು ಕೇಳಿದರೆ ಉತ್ತರವಿದೆ. ಅಪ್ಪನ ಕೆಲಸವೆಲ್ಲ ನಮ್ಮ ಮನೆಯ ಪಡಸಾಲೆಯಲ್ಲೇ ನಡೆಯುತ್ತಿತ್ತು. ಹಲಗೆ ಕೊಯ್ಯುವಾಗ ಅಲುಗಾಡಬಾರದೆಂದು ಅದರ ಇನ್ನೊಂದು ತುದಿಯ ಮೇಲೆ ನನ್ನನ್ನು ಕೂರಿಸುತ್ತಿದ್ದ. ತೊಡೆಯ ಮೇಲೆ ಪಾಟಿ ಇಟ್ಟುಕೊಂಡು ಮಗ್ಗಿ ಬರೆದದ್ದು, ಮುಂದೆ ಬೀಜಗಣಿತ ಬಿಡಿಸಿದ್ದು, ಎಲ್ಲವೂ ಅಲ್ಲೇ. ಗರಗಸ ಗೆರೆಯ ಮೇಲಿದೆಯೋ ಗೆರೆ ಬಿಟ್ಟಿದೆಯೋ ಎಂಬುದನ್ನು ತಲೆ ಎತ್ತದೆ ಸದ್ದಿನಲ್ಲೇ ಹೇಳಬಲ್ಲೆ. ಆದರೆ ಹತ್ಯಾರ ಮುಟ್ಟುವಂತಿರಲಿಲ್ಲ. ಉಳಿ, ಬಾಚಿ, ಗರಗಸಗಳನ್ನು ನಮ್ಮ ಕಡೆ ಒಟ್ಟಾಗಿ ಹತ್ಯಾರ ಎನ್ನುತ್ತೇವೆ. ಬಡಗಿಯ ಮನೆಯಲ್ಲಿ ಅವು ದೇವರಿಗೆ ಸಮ. ಅಮಾವಾಸ್ಯೆಯ ದಿನ ಕೆಲಸ ನಿಲ್ಲಿಸಿ, ಅವನ್ನು ತೊಳೆದು ಸಾಲಾಗಿಟ್ಟು, ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಿದ್ದೆವು. ಹೆಣ್ಣುಮಕ್ಕಳು ಅವನ್ನು ದಾಟಬಾರದು, ಮುಟ್ಟಾದಾಗ ನೆರಳೂ ಸೋಕಬಾರದು ಎಂದು ಅವ್ವ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಅಪ್ಪ ಬೇಡ ಎಂದವನಲ್ಲ. ಬಾ ಎಂದೂ ಕರೆಯಲಿಲ್ಲ.

ನಾನೂ ಕೇಳಿರಲಿಲ್ಲ, ಅದು ನಿಜ. ಕೇಳಬಹುದು ಎಂಬುದೇ ತಲೆಗೆ ಹೊಳೆದಿರಲಿಲ್ಲ. ಅಳಿಯ ಕೇಳಿದ, ಕೇಳಿದ ಕೂಡಲೇ ಸಿಕ್ಕಿತು.

ಹತ್ಯಾರ ಕೊಳ್ಳಲು ಇಬ್ಬರೂ ಸಿಂಧನೂರಿಗೇ ಬಂದರು. ದೊಡ್ಡ ಹಾರ್ಡ್‌ವೇರ್ ಅಂಗಡಿಗಳಿರುವುದು ಇಲ್ಲೇ ತಾನೆ. ಮೊದಲು ನಮ್ಮ ಮನೆಗೆ ಬಂದು ಚಹಾ ಕುಡಿದರು. ಅಂಗಡಿಯವರ ಗುರುತಿದೆ, ನಾನೂ ಬರುತ್ತೇನೆ ಎಂದು ಹೊರಟೆ. ಗುರುತೇನೋ ಇತ್ತು, ಆದರೆ ಹೊರಟದ್ದು ಅದಕ್ಕಲ್ಲ. ಅಪ್ಪ ಇವನಿಗೆ ಏನೇನು ಕೊಡಿಸುತ್ತಾನೆ ಎಂದು ಕಣ್ಣಾರೆ ನೋಡಬೇಕಿತ್ತು.

ತಂಗಿಯ ಗಂಡನ ಕಣ್ಣು ಕರೆಂಟಿನ ಯಂತ್ರಗಳ ಮೇಲೆ. ಕೊಯ್ಯುವುದೊಂದು, ಉಜ್ಜುವುದೊಂದು, ತೂತು ಹೊಡೆಯುವುದೊಂದು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಥಳಥಳಿಸುತ್ತಿದ್ದವು. ಅಪ್ಪ ಆ ಪೆಟ್ಟಿಗೆಯನ್ನು ಮೆಲ್ಲಗೆ ಬದಿಗೆ ಸರಿಸಿದ. ಯಂತ್ರ ಆಮೇಲೂ ಸಿಗುತ್ತದೆ, ಮೊದಲು ಕೈಗೆ ಮರದ ಗುರುತಾಗಲಿ ಎಂದ. ಬೈಯುವ ದನಿಯಲ್ಲ, ಮುದ್ದು ಮಾಡುವ ದನಿ. ನನ್ನ ಹೊಟ್ಟೆಯಲ್ಲಿ ಇನ್ನೊಂದು ಕೊಳ್ಳಿ ಬಿತ್ತು.

ಆಮೇಲೆ ಒಂದೊಂದನ್ನೇ ಆರಿಸತೊಡಗಿದ. ಗರಗಸದ ತುದಿ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಿ ಬಿಡುವುದು, ಅದು ಮತ್ತೆ ನೆಟ್ಟಗಾಗದಿದ್ದರೆ ವಾಪಸು ಇಡುವುದು. ಹೀಗೆ ಅಂಗಡಿಯ ಗರಗಸಗಳನ್ನೆಲ್ಲ ಬಗ್ಗಿಸಿ ಒಂದನ್ನು ಒಪ್ಪಿದ. ಉಳಿಗಳ ಕಟ್ಟಿನಿಂದ ಒಂದು ಸಣ್ಣದು, ಒಂದು ಅಗಲದ್ದು ಎಳೆದ. ಇಡೀ ಕಟ್ಟು ಒಯ್ದರೆ ಯಾವುದನ್ನೂ ಸರಿಯಾಗಿ ಮಸೆಯುವುದಿಲ್ಲ, ಎರಡನ್ನು ಹರಿತವಾಗಿಟ್ಟುಕೊಂಡರೆ ಸಾಕು ಎಂಬುದು ಅವನ ಮಾತು. ಮಸೆಯಲು ಸಾಣೆಕಲ್ಲು, ಗರಗಸದ ಹಲ್ಲಿಗೆ ಮೂರು ಮೂಲೆಯ ಅರ, ಮರದ ಮೈ ನುಣುಪು ಮಾಡುವ ರಂದಾದ ಅಲಗು, ಕಟ್ಟಿಗೆ ಕೆತ್ತಲು ಒಂದು ಬಾಚಿ. ಉಳಿಯ ತಲೆಗೆ ಹೊಡೆಯುವ ಕೊಡತಿ ಮಾತ್ರ ಕೊಳ್ಳಗೊಡಲಿಲ್ಲ. ಅದನ್ನು ಮಾಡುವುದೇ ಮೊದಲ ಪಾಠವಂತೆ.

ಕೊನೆಗೆ ಗುಣ್ಯಾ. ಎರಡು ಅಂಚು ನೇರ ಮೂಲೆಗೆ ಕೂಡಿವೆಯೇ ಎಂದು ನೋಡುವ ಎಲ್ ಆಕಾರದ ಲೋಹದ ಪಟ್ಟಿ ಅದು. ಅಪ್ಪ ಅಂಗಡಿಯ ಹಲಗೆಯೊಂದರ ಅಂಚಿಗೆ ಅದನ್ನು ಒತ್ತಿ ಪೆನ್ಸಿಲಿನಿಂದ ಗೆರೆ ಎಳೆದ. ಹಾಗೇ ಮಗುಚಿ ಹಾಕಿ ಅದೇ ಜಾಗದಲ್ಲಿ ಮತ್ತೊಂದು ಗೆರೆ ಎಳೆದ. ಎರಡೂ ಗೆರೆ ಒಂದರ ಮೇಲೊಂದು ಕೂತರೆ ಗುಣ್ಯಾ ಸರಿ, ಬಾಯಿ ಬಿಟ್ಟರೆ ಸೊಟ್ಟ ಎಂದು ಅಳಿಯನಿಗೆ ತೋರಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ವರ್ಷವಿಡೀ ಮಕ್ಕಳಿಗೆ ಲಂಬಕೋನ ಹೇಳಿಕೊಡುವವಳು ನಾನು. ಅದು ಲಂಬಕೋನ ಹೌದೋ ಅಲ್ಲವೋ ಎಂದು ನೋಡುವ ಇಷ್ಟು ಚೆಂದದ ಉಪಾಯ ಅಪ್ಪನ ಹತ್ತಿರ ಇತ್ತು, ಅದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಈಗಲೂ ನನಗೆ ಹೇಳುತ್ತಿರಲಿಲ್ಲ.

ದುಡ್ಡು ಕೊಡುವ ಮುಂಚೆ ಅಪ್ಪ ಹತ್ಯಾರಗಳ ಹಿಡಿಗಳನ್ನೆಲ್ಲ ಬಿಚ್ಚಿ ಅಂಗಡಿಯಲ್ಲೇ ಬಿಟ್ಟ. ಅಂಗಡಿಯವರು ನಕ್ಕು, "ಉಸ್ತಾದ, ಹಿಡಿ ಏನ್ ಪಾಪ ಮಾಡ್ಯಾವು?" ಎಂದರು. ಅಪ್ಪನ ರೂಢಿಯೇ ಹಾಗೆ. ಕಬ್ಬಿಣ ಪೇಟೆಯದಾದರೂ ಹಿಡಿ ಮನೆಯದೇ ಆಗಬೇಕು.

ಮುಂದಿನ ಐತಾರಗಳೆಲ್ಲ, ಅಂದರೆ ಭಾನುವಾರದ ರಜೆಗಳೆಲ್ಲ, ಹಿಡಿಗಳಿಗೆ ಹೋದವು. ಅವ್ವನನ್ನು ನೋಡುವ ನೆಪದಲ್ಲಿ ಲಿಂಗಸುಗೂರಿಗೆ ಹೋಗಿ ಅದನ್ನೂ ನೋಡಿ ಬಂದೆ. ಅಪ್ಪ ಒಣಗಿದ ಜಾಲಿ ಕಟ್ಟಿಗೆಯನ್ನು ಕೆತ್ತಿ, ಒಡೆದ ಗಾಜಿನ ಚೂರಿನಿಂದ ಹೆರೆದು, ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದ. ಸಮಾಧಾನವಾಗದಿದ್ದರೆ ಮತ್ತೆ ಹೆರೆಯುತ್ತಿದ್ದ. ಹೆಬ್ಬೆರಳು ಕೂರುವಲ್ಲಿ ಸಣ್ಣ ತಗ್ಗು ಮಾಡಿದ. ಎಣ್ಣೆ ಹಚ್ಚಿದ. ನನ್ನ ಮದುವೆಗೆ ಮಾಡಿಕೊಟ್ಟ ಮಂಚಕ್ಕೂ ಅಪ್ಪ ಇಷ್ಟು ಉಜ್ಜಿರಲಿಲ್ಲ. ಹಾಗೆಂದು ಅವ್ವನ ಎದುರು ಆಡಿಯೂಬಿಟ್ಟೆ. ಅಳಿಯನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೇನೇ ಎಂದು ಅವ್ವ ನಕ್ಕಳು.

ಪಾಠ ಶುರುವಾದದ್ದು ಮಸ್ಕಿಯಲ್ಲಿ, ತಂಗಿಯ ಮನೆಯ ಅಂಗಳದಲ್ಲಿ. ಐತಾರ ಬೆಳಿಗ್ಗೆ ಅಪ್ಪ ಲಿಂಗಸುಗೂರಿನಿಂದ ಬಸ್ಸು ಹತ್ತುತ್ತಿದ್ದ. ನಾನು ಈ ಕಡೆ ಸಿಂಧನೂರಿನಿಂದ ಹತ್ತುತ್ತಿದ್ದೆ. ತಂಗಿಗೆ ಅಕ್ಕ ಇಷ್ಟೊಂದು ಬರುತ್ತಾಳಲ್ಲ ಎಂದು ಖುಷಿ. ಅವಳ ಅಡುಗೆಮನೆಯ ಕಿಟಕಿಯಿಂದ ಅಂಗಳ ಚೆನ್ನಾಗಿ ಕಾಣುತ್ತಿತ್ತು ಎಂಬುದು ಅವಳಿಗೇನು ಗೊತ್ತು.

ಕಿಟಕಿಯಿಂದ ಕಂಡದ್ದು ನನಗೆ ಹಬ್ಬವಾಯಿತು. ತಂಗಿಯ ಗಂಡನಿಗೆ ಏನೂ ಬರುತ್ತಿರಲಿಲ್ಲ. ಗರಗಸ ಗೆರೆ ಬಿಟ್ಟು ಓಡುತ್ತಿತ್ತು. ಬಾಚಿ ಹೊರಳುತ್ತಿತ್ತು. ಮಾಡಬೇಕಿದ್ದ ಕೊಡತಿಯ ತಲೆ ಒಂದು ಕಡೆ ಬಾತುಕೊಂಡಿತ್ತು. ವಾರಗಳು ಕಳೆದರೂ ಕೈ ಕುದುರಲಿಲ್ಲ. ಅಂಗೈಯಲ್ಲಿ ಬೊಕ್ಕೆ ಎದ್ದವು. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮತ್ತೆ ಮತ್ತೆ ತೋರಿಸುತ್ತಿದ್ದ. ಹತ್ಯಾರ ಚೆನ್ನಾಗಿವೆ, ಮರವೂ ಚೆನ್ನಾಗಿದೆ, ಎಲ್ಲಿ ತಪ್ಪುತ್ತಿದೆಯೋ ತಿಳಿಯದೆ ಕಂಗಾಲಾಗಿದ್ದ. ಇವನೋ, ತನ್ನ ಕೈಗೇ ಬುದ್ಧಿಯಿಲ್ಲ ಎಂದು ತಲೆ ತಗ್ಗಿಸುತ್ತಿದ್ದ. ಇನ್ನು ನಾಲ್ಕು ಐತಾರ ಹೀಗೇ ಹೋದರೆ ಇಬ್ಬರೂ ಬೇಸತ್ತು ಬಿಡುತ್ತಾರೆ ಎಂದು ನಾನು ರೊಟ್ಟಿ ಬಡಿಯುತ್ತ ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ.

ಹಾಗೆ ಒಂದು ಐತಾರ, ತಂಗಿ ಇಬ್ಬರಿಗೂ ಒಳಗೆ ಊಟಕ್ಕೆ ಬಡಿಸಿದಳು. ನಾನು ನೀರು ಚೆಲ್ಲಲು ಅಂಗಳಕ್ಕೆ ಬಂದೆ. ಅರ್ಧ ಕೊಯ್ದ ಹಲಗೆ, ಅದರ ಮೇಲೆ ಗರಗಸ. ಸುತ್ತ ಯಾರೂ ಇರಲಿಲ್ಲ. ಎತ್ತಿಕೊಂಡೆ. ಹಿಡಿ ನನ್ನ ಕೈಯೊಳಗೆ ಹೋಗಿ ಕೂತ ರೀತಿಗೆ ನಾನೇ ಬೆಚ್ಚಿದೆ. ಹೆಬ್ಬೆರಳು ತಾನಾಗಿಯೇ ಆ ಸಣ್ಣ ತಗ್ಗಿಗೆ ಇಳಿಯಿತು. ಆಮೇಲೆ ಕೈ ನೋಡಿಕೊಂಡೆ. ಎಡಗೈ.

ನಾನು ಎಡಚಿ. ಊಟಕ್ಕೂ ಬರವಣಿಗೆಗೂ ಅವ್ವ ಬಡಿದು ಬಡಿದು ಬಲಗೈ ರೂಢಿ ಮಾಡಿಸಿದ್ದಳು. ಈಳಿಗೆ, ಕತ್ತರಿ, ಕಸಬರಿಗೆಗೆಲ್ಲ ಇಂದಿಗೂ ಎಡಗೈಯೇ. ಅಪ್ಪನೂ ಎಡಚ. ನಮ್ಮ ಮನೆಯಲ್ಲಿ ಅದು ಎಷ್ಟು ಹಳೆಯ ಸಂಗತಿ ಎಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಪ್ಪ ಅಳಿಯನ ಹಿಡಿಗಳನ್ನೆಲ್ಲ ತನ್ನ ಎಡಗೈಯಲ್ಲಿ ಹಿಡಿದು, ತನ್ನ ಎಡಗೈಗೆ ಸಮಾಧಾನವಾಗುವಷ್ಟು ಹೆರೆದಿದ್ದ. ಅಳಿಯನ ಕೈ ಬಲಗೈ ಎಂಬುದು ಅವನ ತಲೆಗೇ ಬಂದಿರಲಿಲ್ಲ. ಹಿಡಿ ಒತ್ತುತ್ತದೆ ಎಂದು ಅಳಿಯ ಹೇಳಿರಲಿಲ್ಲ. ಮಾವ ಕೈಯಾರೆ ಮಾಡಿಕೊಟ್ಟದ್ದಕ್ಕೆ ಹೆಸರಿಡುವಂಥ ಅಳಿಯನಲ್ಲ ಅವನು.

ನಾನು ಕೊಯ್ದೆ. ಗೆರೆಯ ಮೇಲೆ ಗರಗಸ ತಾನೇ ಹಾದಿ ಹಿಡಿದು ನಡೆಯಿತು. ಒಳಗೆ ಉಣ್ಣುತ್ತಿದ್ದ ಅಪ್ಪನಿಗೆ ಸದ್ದು ಕೇಳಿಸಿತು. ನೆಟ್ಟಗೆ ಹೋಗುವ ಗರಗಸದ ಸದ್ದು. ಅಳಿಯ ನೋಡಿದರೆ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಾನೆ. ಅಪ್ಪ ಎಂಜಲ ಕೈಯಲ್ಲೇ ಬಾಗಿಲಿಗೆ ಬಂದು ನಿಂತ. ಹಲಗೆಯ ತುಂಡು ಕೆಳಗೆ ಬಿತ್ತು.

"ಅಪ್ಪಾ, ಇವು ಎಡಗೈ ಹಿಡಿ. ಅವರು ಬಲಗೈಯವರು" ಎಂದೆ.

ಉಪಕಾರ ಮಾಡಲು ಹೇಳಿದ್ದಲ್ಲ. ನೋಡು, ಇವು ಯಾರ ಕೈಯ ಹತ್ಯಾರ ಎಂದು ನೋಡು, ಎಂಬುದೇ ನನ್ನ ಮಾತಿನ ಒಳಗಿದ್ದದ್ದು. ಅಪ್ಪ ತನ್ನ ಎರಡೂ ಕೈಗಳನ್ನು ಬೇರೆಯವರ ಕೈ ನೋಡುವಂತೆ ನೋಡಿಕೊಂಡ. ಹಿಂದೆಯೇ ಬಂದ ಅಳಿಯನಿಗೆ, ಎಂಥ ಕೆಲಸ ಮಾಡಿದೆ ನೋಡ್ರಿ ಎಂದು ನಾಚಿಕೊಂಡ. ತಂಗಿಯ ಗಂಡ ನಕ್ಕುಬಿಟ್ಟ. ನಕ್ಕು, ಮಾವಾರ, ಇವನ್ನ ಅಕ್ಕಾರಿಗೇ ಕೊಟ್ಟುಬಿಡ್ರಿ, ಅವರ ಕೈಗಂತನ ಮಾಡಿದಂಗ ಅದಾವು ಎಂದ. ಅಪ್ಪ ಆರಿಸಿದ ಹತ್ಯಾರ ನನಗೆ ಬಂದವು. ಅದನ್ನೂ ಅವನೇ ಕೊಡಿಸಬೇಕಾಯಿತು.

ಅಪ್ಪ ಕೈ ತೊಳೆದು ಬಂದು ನಾನು ಕೊಯ್ದ ಅಂಚಿನ ಮೇಲೆ ಬೆರಳು ಆಡಿಸಿದ. ಬರುವ ಐತಾರದಿಂದ ಸಿಂಧನೂರಿಗೆ ಬರುತ್ತೇನೆ ಎನ್ನುತ್ತಾನೆ, ಇನ್ನೇನು ಎನ್ನುತ್ತಾನೆ ಎಂದು ಕಾದೆ.

"ಹಲಗಿ ಮ್ಯಾಲ ಕುಂತು ಕುಂತು ಎಲ್ಲಾ ಕಲತೀಯವ್ವಾ ನೀ. ನಿನಗ ಕಲಿಸೋದೇನೂ ಉಳದಿಲ್ಲ ಬಿಡು" ಎಂದ.

ಹೆಮ್ಮೆಯಿಂದಲೇ ಅಂದದ್ದು. ನನ್ನ ತಲೆಯ ಮೇಲೆ ಕೈಯಿಟ್ಟೂ ಅಂದದ್ದು. ಆಮೇಲೆ ಅಳಿಯನ ಕಡೆ ತಿರುಗಿ ಅವನ ಬಲಗೈಯನ್ನು ತನ್ನ ಅಂಗೈ ಮೇಲೆ ತೆಗೆದುಕೊಂಡ. ಬೆರಳುಗಳನ್ನು ಬಿಡಿಸಿ ಮಡಚಿ, ಹೆಬ್ಬೆರಳಿನ ಬುಡ ಒತ್ತಿ, ಬೊಕ್ಕೆಗಳನ್ನು ಸವರಿ, ಹೊಸ ಹಿಡಿಗಳಿಗೆ ಅಳತೆ ತೆಗೆದ. ಅಷ್ಟು ಹೊತ್ತು ಅಪ್ಪ ನನ್ನ ಕೈ ಹಿಡಿದು ನೋಡಿದ್ದು ನನಗೆ ನೆನಪಿಲ್ಲ.

ಹೊಸ ಹತ್ಯಾರ, ಹೊಸ ಹಿಡಿ ಬಂದ ಮೇಲೆ ಇವನ ಕೈ ಕುದುರಿತು. ಈಗ ಮಸ್ಕಿಯ ಮನೆಯಲ್ಲಿ ಎರಡು ಸ್ಟೂಲು, ಒಂದು ದೇವರ ಮಂಟಪ ಆಗಿವೆ. ಐತಾರದ ಪಾಠವೂ ನಡೆದಿದೆ. ನಾನು ಸಿಂಧನೂರಿನಲ್ಲಿ ನಮ್ಮ ಮಾಳಿಗೆಯ ಮೇಲೆ ಒಬ್ಬಳೇ ಕೊಯ್ಯುತ್ತೇನೆ, ಕೆತ್ತುತ್ತೇನೆ. ಪುಸ್ತಕ ಇಡುವ ಗೂಡು ಮಾಡಿ ಫೋಟೊ ಕಳಿಸಿದೆ. ಅಪ್ಪನ ಮೊಬೈಲಿನಿಂದ ಹೆಬ್ಬೆರಳಿನ ಚಿತ್ರ ಬಂತು. ಅದನ್ನು ಒತ್ತಿದ್ದು ಅವ್ವ ಎಂದು ಆಮೇಲೆ ಗೊತ್ತಾಯಿತು.

ಮೊನ್ನೆ ಐತಾರ ತಡೆಯಲಾಗದೆ ಮಸ್ಕಿಗೆ ಫೋನು ಮಾಡಿದೆ. ಅಪ್ಪನೇ ಎತ್ತಿದ. ಹಿಂದೆ ರಂದಾ ಹೊಡೆಯುವ ಸದ್ದು ಕೇಳುತ್ತಿತ್ತು.

"ಅಪ್ಪಾ, ನನ್ನ ಗರಗಸ ಗೆರೀ ಬಿಟ್ಟು ಹೋಗಾಕತ್ತೈತಿ. ಎಷ್ಟ ಮಾಡಿದ್ರೂ ನಿಂದ್ರವಲ್ದು. ಬಂದು ಒಂದೀಟು ನೋಡ್ತಿಯೇನು?"

ಹಸಿ ಸುಳ್ಳು. ನನ್ನ ಎದುರಿನ ಹಲಗೆ ನೆಟ್ಟಗೆ ಕೊಯ್ದು ಬಿದ್ದಿತ್ತು. ಅಪ್ಪ ಅಳಿಯನಿಗೆ ರಂದಾ ನಿಲ್ಲಿಸಲು ಹೇಳಿದ. ಅಷ್ಟರಲ್ಲೇ ಅಪ್ಪನಿಗೆ ಮಧ್ಯಾಹ್ನ ಏನು ಅಡುಗೆ ಮಾಡಬೇಕು ಎಂಬುದನ್ನೂ ನಾನು ಯೋಚಿಸಿ ಮುಗಿಸಿದ್ದೆ.

"ಅದಕ್ಕ ನಾ ಯಾಕವ್ವಾ? ಹಲ್ಲಿಗೆ ಅರ ಹಾಕೂದು ಅಳ್ಯಾರು ಭಾಳ ಛಲೋ ಕಲತಾರ. ಅವರನ್ನ ಕಳಸ್ತೀನಿ ತಡಿ."

ಬೇಡ ಎನ್ನುವಷ್ಟರಲ್ಲಿ ಫೋನು ಇಟ್ಟುಬಿಟ್ಟ. ತಂಗಿಯ ಗಂಡ ಅರ ಹಿಡಿದು ಬಸ್ಸು ಹತ್ತಿದ ಸುದ್ದಿ ತಂಗಿಯಿಂದ ಬಂತು. ಅವನು ಬಂದು ನೋಡಿ, ಅಕ್ಕಾರ ಗರಗಸ ಸರಿಯಾಗಿಯೇ ಇದೆ ಎಂದು ಅಪ್ಪನಿಗೆ ಹೋಗಿ ಹೇಳಿದರೆ ನನ್ನ ಮಾನ ಉಳಿಯುತ್ತಿರಲಿಲ್ಲ. ಅದಕ್ಕೆ ಮಾಳಿಗೆ ಹತ್ತಿ ಹೊಸ ಹಲಗೆಯ ಮೇಲೆ ನೆಟ್ಟನೆಯ ಗೆರೆ ಎಳೆದು, ಅದನ್ನು ಬಿಟ್ಟು ಸೊಟ್ಟಗೆ ಕೊಯ್ಯಲು ಕೂತೆ. ಸೊಟ್ಟಗೆ ಕೊಯ್ಯುವುದು ನನಗೆ ಬಹಳ ಕಷ್ಟವಾಯಿತು.